ಬೈಲಕುಪ್ಪೆಯ ಅಜ್ಜಿಯರ ಹೆಜ್ಜೆ

ಮೈಸೂರಿನಿಂದ ಮಡಿಕೇರಿ ಬಸ್ಸು ಹತ್ತಿದರೆ ಹುಣಸೂರು, ಆಮೇಲೆ ಪಿರಿಯಾಪಟ್ಟಣ. ದಾರಿಯುದ್ದಕ್ಕೂ ಹೊಗೆಸೊಪ್ಪಿನ ಹೊಲಗಳು, ಸೊಪ್ಪು ಹದ ಮಾಡುವ ಬ್ಯಾರನ್‌ಗಳು, ನಡುನಡುವೆ ಮುಸುಕಿನ ಜೋಳ. ಇನ್ನೇನು ಕಾವೇರಿ ದಾಟಿ ಕುಶಾಲನಗರ ಸೇರಬೇಕು ಅನ್ನುವಷ್ಟರಲ್ಲಿ ಬೈಲಕುಪ್ಪೆ. ನಮ್ಮ ಕಡೆಯವರು ಇಲ್ಲಿ ಇಳಿಯುವುದು ಗೋಲ್ಡನ್ ಟೆಂಪಲ್ ನೋಡಲಿಕ್ಕೆ. ಮಟಮಟ ಮಧ್ಯಾಹ್ನ ಹೋಗಿ, ಚಿನ್ನದ ಬಣ್ಣದ ಮೂರು ದೊಡ್ಡ ಮೂರ್ತಿಗಳಿಗೆ ಕೈಮುಗಿದು, ಫೋಟೋ ತೆಗೆಸಿಕೊಂಡು, ಮೊಮೊ ತಿಂದು, ಅಲ್ಲಿಂದ ದುಬಾರೆಯ ಆನೆ ನೋಡಲು ಓಟ. ಅದೂ ಸರಿಯೇ ಅನ್ನಿ. ಆದರೆ ಬೆಳಗಿನ ಹೊತ್ತು ಹೋದವರಿಗೆ ಮಾತ್ರ ಕಾಣುವ ಒಂದು ನೋಟ ಅಲ್ಲಿದೆ. ನಾನು ಹೇಳಹೊರಟಿದ್ದು ಅದನ್ನು.

ಟಿಬೆಟ್ ಬಿಟ್ಟು ಬಂದವರಿಗೆ ಅಂದಿನ ಮೈಸೂರು ಸರ್ಕಾರ ಇಲ್ಲಿ ಕಾಡುಭೂಮಿ ಕೊಟ್ಟಿತು. 1960ರ ಕೊನೆಗೆ ಮೊದಲ ಗುಂಪು ಬಂದಿಳಿಯಿತು. 1963ರಲ್ಲಿ ಪೆನೋರ್ ರಿಂಪೋಚೆ ಅವರು ನಾಮ್‌ಡ್ರೋಲಿಂಗ್ ಮಠ ಕಟ್ಟಲು ತೊಡಗಿದರು. ಈಗ ಗೋಲ್ಡನ್ ಟೆಂಪಲ್ ಇರುವುದು ಅದೇ ಮಠದ ಆವರಣದಲ್ಲಿ. 1972ರ ಹೊತ್ತಿಗೆ ಹುಣಸೂರು ತಾಲ್ಲೂಕಿನ ಗುರುಪುರದಲ್ಲೂ ಒಂದು ವಸತಿ ಆಯಿತು. ಹಿಮದ ನಾಡಿನವರು ನಮ್ಮ ಬಿಸಿಲಿಗೆ ಬಂದು, ಕಾಡು ಕಡಿದು, ಜೋಳ ಬೆಳೆದು ನೆಲೆಯೂರಿದ ಕಥೆ ಸಣ್ಣದಲ್ಲ. ಅದನ್ನು ಇನ್ನೊಮ್ಮೆ ನೋಡೋಣ.

ಬೆಳಗಿನ ಚಳಿ ಇನ್ನೂ ಬಿಟ್ಟಿರುವುದಿಲ್ಲ. ಉದ್ದ ಛುಬಾ ಉಟ್ಟು, ಅದರ ಮೇಲೆ ಮದುವೆಯಾದ ಹೆಂಗಸರು ಕಟ್ಟುವ ಪಟ್ಟೆಪಟ್ಟೆಯ ಪಂಗ್ದೆನ್ ಕಟ್ಟಿಕೊಂಡು ಅಜ್ಜಿಯರು ಬರತೊಡಗುತ್ತಾರೆ. ಒಬ್ಬರು, ಇಬ್ಬರು, ಆಮೇಲೆ ಸಾಲು. ಒಂದು ಕೈಯಲ್ಲಿ 108 ಮಣಿಯ ಜಪಮಾಲೆ, ಇನ್ನೊಂದರಲ್ಲಿ ತಿರುಗುವ ಪ್ರಾರ್ಥನಾಚಕ್ರ. ಗುಡಿ, ಸ್ತೂಪಗಳನ್ನು ಬಲಕ್ಕಿಟ್ಟುಕೊಂಡು ಸುತ್ತುತ್ತಾರೆ. ನಮ್ಮ ಪ್ರದಕ್ಷಿಣೆಯೇ, ಅವರು ‘ಕೋರಾ’ ಅನ್ನುತ್ತಾರೆ. ಯಾರಿಗೂ ಅವಸರವಿಲ್ಲ. ಪಾದ ಪೂರ್ತಿ ನೆಲಕ್ಕೂರಿ, ಮೈಯ ಭಾರವೆಲ್ಲ ಆ ಕಾಲಿಗೆ ಹೋದ ಮೇಲೇ ಇನ್ನೊಂದು ಕಾಲು ಏಳುತ್ತದೆ. ಬೆನ್ನು ಬಾಗಿದವರೂ ಮಂಡಿ ನೋವಿನವರೂ ಕೋಲೂರಿಕೊಂಡು ಬರುತ್ತಾರೆ. ನಡುವೆ ಪಿಸುಮಾತು, ಒಂದಿಷ್ಟು ನಗು, ಮತ್ತೆ ಜಪ.

ಇನ್ನು ಅವರ ಉದ್ದಂಡ ನಮಸ್ಕಾರ. ಜೋಡಿಸಿದ ಕೈ ಮೊದಲು ನೆತ್ತಿಗೆ, ಆಮೇಲೆ ಗಂಟಲಿಗೆ, ಆಮೇಲೆ ಎದೆಗೆ: ಕಾಯಾ, ವಾಚಾ, ಮನಸಾ. ಮಂಡಿಯೂರಿ, ಅಂಗೈ ಊರಿ, ಮೈ ಚಾಚಿ ಹಣೆ ನೆಲಕ್ಕೆ ಮುಟ್ಟಿಸಿ, ಮತ್ತೆ ಎದ್ದು ನಿಲ್ಲುವುದು. ಸಾಧನೆಗೆ ತೊಡಗುವವರು ಇದನ್ನು ಒಂದು ಲಕ್ಷ ಸಲ ಮಾಡಬೇಕೆಂಬ ಪದ್ಧತಿಯಿದೆ. ಒಂದು ಲಕ್ಷ ಕಣ್ರೀ! ನಮಗೆ ರುಬ್ಬುವ ಕಲ್ಲಿನ ಮುಂದಿಂದ ಏಳುವಾಗಲೇ ‘ಅಮ್ಮಾ’ ಅಂತ ಬಾಯಿಗೆ ಬರುತ್ತದೆ.

ಇದನ್ನು ವ್ಯಾಯಾಮ ಅಂದರೆ ಆ ಅಜ್ಜಿಯರಿಗೆ ನಗು ಬಂದೀತು. ಅವರಿಗೆ ಅದು ಪುಣ್ಯದ ಕೆಲಸ. ಆದರೂ ನೋಡುತ್ತ ನಿಂತಾಗ ನನಗೆ ನೆನಪಾಗಿದ್ದು ತೈಚಿ. ಪಾರ್ಕಿನಲ್ಲಿ ಚೀನಾದ ಮುದುಕರು ನೀರೊಳಗೆ ನಡೆದಂತೆ ಕೈಕಾಲು ಆಡಿಸುವುದನ್ನು ಟೀವಿಯಲ್ಲಿ ನೀವೂ ಕಂಡಿರಬಹುದು. ನೃತ್ಯದಂತೆ ಕಂಡರೂ ಅದು ಮೂಲದಲ್ಲಿ ಕಾದಾಟದ ವಿದ್ಯೆ. ಹೆನಾನ್ ಪ್ರಾಂತ್ಯದ ಒಂದು ಹಳ್ಳಿಯಲ್ಲಿ 17ನೇ ಶತಮಾನದಲ್ಲಿ ಚೆನ್ ಮನೆತನದವರು ಬೆಳೆಸಿದ್ದು ಎನ್ನುತ್ತಾರೆ. ತೋಳಿನ ಬಲಕ್ಕಿಂತ ಉಸಿರು, ಮನಸ್ಸು, ಮೈಭಾರದ ಮೇಲಿನ ಹಿಡಿತ ಮುಖ್ಯವಾದ್ದರಿಂದ ಅದಕ್ಕೆ ‘ಒಳಗಿನ ವಿದ್ಯೆ’ ಎಂದು ಹೆಸರು. 1956ರಲ್ಲಿ ಅಲ್ಲಿನ ಸರ್ಕಾರ 24 ಭಂಗಿಗಳ ಸುಲಭ ಪಾಠ ಮಾಡಿಸಿತು. ಅಲ್ಲಿಂದ ಅದು ಬೀದಿಬೀದಿಯ ಗುಂಪುಗಳಿಗೆ ಇಳಿಯಿತು. 2020ರಲ್ಲಿ ಯುನೆಸ್ಕೋ ತನ್ನ ಪಟ್ಟಿಗೆ ಸೇರಿಸಿಕೊಂಡಿತು. ಊರು ಕಳೆದುಕೊಂಡು ಬಂದ ಆ ಅಜ್ಜಿಯರ ಮುಂದೆ ಚೀನಾದ ಮಾತೆತ್ತಲು ನನಗಂತೂ ಬಾಯಿ ಬರಲಿಲ್ಲ. ಟಿಬೆಟಿನವರಿಗೂ ತಮ್ಮದೇ ಒಳವಿದ್ಯೆ ಉಂಟು, ‘ತ್ರುಲ್‌ಖೋರ್’ ಎಂದು. ಅದು ಗುರುವಿನಿಂದ ಏಕಾಂತದಲ್ಲಿ ಕಲಿಯುವಂಥದ್ದು, ಹಾದಿಹೋಕರಿಗೆ ತೋರಿಸುವುದಲ್ಲ.

ವಯಸ್ಸಾದವರು ತೈಚಿ ಮಾಡುತ್ತ ಬಂದರೆ ಜಾರಿ ಬೀಳುವುದು ಕಡಿಮೆಯಾಗುತ್ತದೆಂದು ಹಲವು ವೈದ್ಯಕೀಯ ಅಧ್ಯಯನಗಳು ತೋರಿಸಿವೆ. ನನಗೆ ಮುಖ್ಯವಾಗಿ ಕಂಡದ್ದು ಇದೇ. ಕೆ.ಆರ್. ನಗರದಲ್ಲಿ ನಮ್ಮ ಸೋದರತ್ತೆ ಬಚ್ಚಲಲ್ಲಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಮೂಳೆ ಕೂಡಿತು, ಧೈರ್ಯ ಕೂಡಲಿಲ್ಲ. ಗದ್ದೆ ಬದುವಿನ ಮೇಲೆ ಬುತ್ತಿ ಹೊತ್ತು ನಡೆದವರು ಹೊಸ್ತಿಲು ದಾಟಲು ಅಂಜುತ್ತಾರೆ. ಮನೆಯವರೂ ‘ನೀವು ಸುಮ್ನೆ ಕೂತ್ಕೊಳ್ಳಿ’ ಅಂತ ಪ್ರೀತಿಯಿಂದಲೇ ಕೂರಿಸಿಬಿಟ್ಟರು. ಕೂತಷ್ಟೂ ಕಾಲಿನ ಕಸುವು ಇಳಿಯುತ್ತದೆ.

ಎಚ್.ಡಿ. ಕೋಟೆಯ ಗೆಳತಿಗೆ ಇದನ್ನೆಲ್ಲ ಹೇಳಿದರೆ, ‘ಬೆಳಗಿಂದ ರಾತ್ರಿವರೆಗೂ ದುಡಿಯೋರಿಗೆ ಇದ್ಯಾಕೆ?’ ಅಂದಳು. ದುಡಿಮೆ ಇದೆ, ನಿಜ. ಆದರೆ ಕಸ, ಪಾತ್ರೆ, ನಾಟಿ ಎಲ್ಲವೂ ಮುಂದಕ್ಕೆ ಬಾಗುವ ಕೆಲಸಗಳೇ. ಒಂಟಿ ಕಾಲ ಮೇಲೆ ಭಾರ ಹೊತ್ತು ನೆಟ್ಟಗೆ, ನಿಧಾನವಾಗಿ ನಿಲ್ಲುವ ಅಭ್ಯಾಸ ಅವುಗಳಲ್ಲಿ ಎಲ್ಲಿದೆ? ಗರಡಿ ಮನೆ ಇತ್ತು, ಗಂಡಸರಿಗೆ. ನಮಗೆ ದಿನಾ ಅರ್ಧ ಗಂಟೆ ಮನೆಯಿಂದ ಹೊರಬೀಳಲು ಇದ್ದ ನೆಪವೆಂದರೆ ದೇವಸ್ಥಾನ ಒಂದೇ. ಅಲ್ಲೂ ಮೂರು ಸುತ್ತು ಓಡಿ, ಒಲೆ ಮೇಲಿನ ಹಾಲು ನೆನೆಸಿಕೊಂಡು ವಾಪಸು!

ತೈಚಿಯ ನಡಿಗೆ ಹೀಗೆ. ಮೊದಮೊದಲು ಗೋಡೆ ಪಕ್ಕ ನಿಲ್ಲಿ, ನೆಲ ಒದ್ದೆಯಿರಬಾರದು. ಮಂಡಿ ತುಸು ಸಡಿಲ, ಬೆನ್ನು ನೇರ. ಮೈಭಾರವೆಲ್ಲ ಮೆಲ್ಲಗೆ ಬಲಗಾಲಿಗೆ ಬರಲಿ, ಎಡಗಾಲು ‘ಖಾಲಿ’ಯಾಗುವವರೆಗೆ. ಆ ಖಾಲಿ ಕಾಲನ್ನು ಎತ್ತಿ ಮುಂದೆ ಹಿಮ್ಮಡಿ ಊರಿ. ಭಾರ ಇನ್ನೂ ಹಿಂದೆಯೇ ಇರಲಿ. ಆಮೇಲೆ ಪಾದ ಮಲಗಿಸಿ ಭಾರ ಮುಂದಕ್ಕೆ ತನ್ನಿ. ಮಂಡಿ ಕಾಲ್ಬೆರಳಿನಿಂದ ಮುಂದೆ ಹೋಗದಿರಲಿ. ಉಸಿರು ಕಟ್ಟಬೇಡಿ. ಹತ್ತು ನಿಮಿಷ ಸಾಕು. ತಲೆಸುತ್ತು ಬರುವವರು, ಮಂಡಿ ಊದಿದವರು ಡಾಕ್ಟರನ್ನು ಕೇಳಿಯೇ ತೊಡಗಿ. ಇಬ್ಬರು ಮೂವರು ನೆರೆಯವರು ಸೇರಿದರೆ ಬಿಡದೆ ನಡೆದೀತು. ಒಬ್ಬರೇ ಆದರೆ ನಾಲ್ಕನೇ ದಿನಕ್ಕೆ ಏನಾದರೂ ಅಡ್ಡಿ ಬಂದೇ ಬರುತ್ತದೆ.

ಬೈಲಕುಪ್ಪೆಗೆ ಹೋಗುವುದಾದರೆ ಫೆಬ್ರವರಿ-ಮಾರ್ಚ್ ಹೊತ್ತಿನ ಲೋಸರ್, ಅಂದರೆ ಅವರ ಹೊಸ ವರ್ಷದ ಆಸುಪಾಸು ನೋಡಿಕೊಂಡು ಹೋಗಿ. ಭಾರದ ಜರಿ ಉಡುಪು, ಮುಖವಾಡ ತೊಟ್ಟು ಲಾಮಾಗಳು ಕುಣಿಯುವ ‘ಛಮ್’ ಇರುತ್ತದೆ. ಒಂದು ಕಾಲೆತ್ತಿ ಇನ್ನೊಂದರ ಮೇಲೆ ಮೆಲ್ಲನೆ ತಿರುಗುವ ಆ ನಿಲುವು ಕಣ್ತುಂಬ ನೋಡುವಂಥದ್ದು. ಸುತ್ತುವ ಅಜ್ಜಿಯರ ಮುಖಕ್ಕೆ ಮೊಬೈಲ್ ಹಿಡಿಯಬೇಡಿ. ಬೇಕಾದರೆ ಹಿಂದೆ ಸೇರಿಕೊಂಡು ಅವರ ದಿಕ್ಕಿನಲ್ಲೇ ನಡೆಯಿರಿ. ಹೊರದೇಶದ ಪಾಸ್‌ಪೋರ್ಟಿನ ನೆಂಟರನ್ನು ಅಲ್ಲಿ ರಾತ್ರಿ ಉಳಿಸುವುದಿದ್ದರೆ ಮುಂಚೆಯೇ ಸರ್ಕಾರದ ಪರವಾನಗಿ ತೆಗೆಸಬೇಕು. ನಮಗೆ ಅದರ ರಗಳೆಯಿಲ್ಲ.