ಅರಿವಳಿಕೆಯ ಮದ್ದು ಮತ್ತು ಮನಸ್ಸಿನ ಬೇನೆ

ಮೈಗೆ ಬಂದ ಬೇನೆಯನ್ನು ನಾವು ನೆರೆಹೊರೆಯವರೊಡನೆ ಸಂಕೋಚವಿಲ್ಲದೆ ಹೇಳಿಕೊಳ್ಳುತ್ತೇವೆ. ಸಕ್ಕರೆ ಕಾಯಿಲೆ ಎಷ್ಟಿದೆ, ರಕ್ತದೊತ್ತಡಕ್ಕೆ ಯಾವ ಗುಳಿಗೆ ನುಂಗುತ್ತಿದ್ದೇವೆ ಎಂಬುದು ಮದುವೆಯ ಪಂಕ್ತಿಯಲ್ಲಿಯೂ ಮಾತಿಗೆ ಬರುವ ವಿಷಯ. ಆದರೆ ಮನಸ್ಸಿನ ಬೇನೆಯ ಸುದ್ದಿ ಬಂದೊಡನೆ ಮನೆಯ ಕದಗಳು ಮುಚ್ಚಿಕೊಳ್ಳುತ್ತವೆ. ಮಕ್ಕಳ ಸಂಬಂಧಕ್ಕೆ ತೊಡಕಾದೀತು, ಮನೆತನಕ್ಕೆ ಮಾತು ಬಂದೀತು ಎಂಬ ಅಂಜಿಕೆಯೇ ಇದಕ್ಕೆ ಕಾರಣ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ ಪ್ರತಿ 20 ವಯಸ್ಕರಲ್ಲಿ ಒಬ್ಬರು ಖಿನ್ನತೆಗೆ ತುತ್ತಾದವರು. ಮನೋರೋಗಗಳಿಂದ ಬಳಲುವವರಲ್ಲಿ, ಆಯಾ ರೋಗಕ್ಕೆ ಅನುಗುಣವಾಗಿ, ನೂರಕ್ಕೆ 70ರಿಂದ 92ರಷ್ಟು ಜನರಿಗೆ ಚಿಕಿತ್ಸೆಯೇ ದೊರೆಯುತ್ತಿಲ್ಲ. ಹೀಗಿರುವಾಗ ಈ ಮಾತನ್ನು ಕುಟುಂಬಗಳು ಓದುವ ಪತ್ರಿಕೆಯಲ್ಲಿ ಎತ್ತುವುದು ಅಗತ್ಯವೆಂದು ನಮಗೆ ತೋರಿತು.

ನಮ್ಮ ಅಕ್ಕನವರ ಮಗಳು ಅಮೆರಿಕದ ಮಿಶಿಗನ್ ರಾಜ್ಯದ ಡೆಟ್ರಾಯ್ಟ್ ನಗರದ ಹೊರವಲಯದಲ್ಲಿ ನೆಲೆಸಿದ್ದಾಳೆ. 2021ರಲ್ಲಿ ಎರಡನೆಯ ಹೆರಿಗೆಯಾದ ಮೇಲೆ ಅವಳನ್ನು ಕವಿದ ಖಿನ್ನತೆ ಬಾಣಂತನ ಮುಗಿದರೂ ಇಳಿಯಲಿಲ್ಲ. ಎರಡು ವರ್ಷಗಳಲ್ಲಿ ಮೂರು ಬಗೆಯ ಗುಳಿಗೆಗಳಾದವು. ನಿದ್ದೆ ಬಂದರೆ ಹಸಿವಿಲ್ಲ, ಹಸಿವಾದರೆ ಎದ್ದು ನಡೆಯುವ ಮನಸ್ಸಿಲ್ಲ. ಒಂದು ದಿನ ಅವಳು ಗಂಡನಿಗೆ, ತಾನಿಲ್ಲದಿದ್ದರೆ ಮಕ್ಕಳಿಗೆ ಒಳ್ಳೆಯದಾದೀತು ಎಂದಳು. ಆತ ಆ ಮಾತನ್ನು ಹಗುರವಾಗಿ ತೆಗೆದುಕೊಳ್ಳದೆ ಅಂದೇ ವೈದ್ಯರ ಬಳಿಗೆ ಕರೆದೊಯ್ದ. ಕೆಲವು ವಾರಗಳ ನಂತರ ವೈದ್ಯರು ಹೊಸದೊಂದು ಮಾರ್ಗವನ್ನು ಸೂಚಿಸಿದರು: ಕೆಟಮಿನ್ ಎಂಬ ಮದ್ದು ಮತ್ತು ಅದರ ಜೊತೆಗೆ ಮನೋಚಿಕಿತ್ಸೆ.

2023ರ ಆ ಬೇಸಿಗೆಯಲ್ಲಿ ನಾವು ದಂಪತಿಗಳು ಮಗನ ಮನೆಗೆಂದು ಅದೇ ಊರಿಗೆ ಹೋಗಿದ್ದೆವು. ಧಾರವಾಡದಿಂದ ಅಕ್ಕನವರು ದೂರವಾಣಿಯಲ್ಲಿ ಕೇಳಿದ ಮಾತು ಇಂದಿಗೂ ಕಿವಿಯಲ್ಲಿದೆ: "ತಮ್ಮಾ, ಅದು ಅಮಲಿನ ಮದ್ದು ಅಂತಲ್ಲೋ? ನಮ್ಮ ಮನ್ಯಾಗ ಸೆರೆ ಮುಟ್ಟಿದವರಿಲ್ಲ. ಹುಡುಗಿಗೆ ಅದರ ಚಟಾ ಹತ್ತಿದ್ರ ಹ್ಯಾಂಗ?" ಇದು ತಿಳಿಯದವರ ಪ್ರಶ್ನೆಯೆಂದು ತಳ್ಳಿಹಾಕುವಂತಹದಲ್ಲ. ತಲೆಮಾರುಗಳಿಂದ ವ್ಯಸನವನ್ನು ಹೊಸ್ತಿಲೊಳಗೆ ಬಿಟ್ಟುಕೊಳ್ಳದ ಮನೆಯ ತಾಯಿ ಕೇಳಲೇಬೇಕಾದ ಪ್ರಶ್ನೆ. ಉತ್ತರ ಹೇಳುವ ಮುನ್ನ ನಾವು ಆ ಮದ್ದಿನ ಪೂರ್ವಾಪರಗಳನ್ನು ತಿಳಿಯಲು ಹೊರಟೆವು.

ಅಚ್ಚರಿಯೆಂದರೆ, ಕೆಟಮಿನ್ ಹುಟ್ಟಿದ್ದು ಆ ಡೆಟ್ರಾಯ್ಟಿನ ಪರಿಸರದಲ್ಲಿಯೇ. ಅಲ್ಲಿನ ವೇನ್ ಸ್ಟೇಟ್ ವಿಶ್ವವಿದ್ಯಾಲಯದ ರಸಾಯನಶಾಸ್ತ್ರಜ್ಞ ಕ್ಯಾಲ್ವಿನ್ ಸ್ಟೀವನ್ಸ್ ಅವರು ಪಾರ್ಕ್-ಡೇವಿಸ್ ಔಷಧ ಕಂಪನಿಗಾಗಿ 1962ರಲ್ಲಿ ಇದನ್ನು ತಯಾರಿಸಿದರು. 1964ರಲ್ಲಿ ಎಡ್ವರ್ಡ್ ಡೊಮಿನೊ ಮತ್ತು ಗುಂಥರ್ ಕಾರ್ಸೆನ್ ಎಂಬ ವೈದ್ಯರು ಮಿಶಿಗನ್ನಿನ ಸೆರೆಮನೆಯೊಂದರ ಸ್ವಯಂಸೇವಕ ಕೈದಿಗಳ ಮೇಲೆ ಇದನ್ನು ಮೊದಲ ಸಲ ಪ್ರಯೋಗಿಸಿದರು. ರೋಗಿ ಪೂರ್ಣ ನಿದ್ರಿಸದೆ, ನೋವನ್ನೂ ಅರಿಯದೆ, ತನ್ನ ದೇಹದಿಂದಲೇ ಬೇರ್ಪಟ್ಟವನಂತೆ ಇರುತ್ತಿದ್ದುದು ಇದರ ವಿಶೇಷ. 1970ರಲ್ಲಿ ಅಮೆರಿಕ ಸರಕಾರ ಅರಿವಳಿಕೆಯಾಗಿ ಬಳಸಲು ಅನುಮತಿ ನೀಡಿತು. ವಿಯೆಟ್ನಾಂ ಯುದ್ಧದ ಗಾಯಾಳುಗಳಿಗೆ ಇದು ಬಹಳ ಉಪಯೋಗವಾಯಿತು. ಉಸಿರಾಟವನ್ನು ಸಾಮಾನ್ಯವಾಗಿ ಕುಗ್ಗಿಸದ ಕಾರಣ ದೊಡ್ಡ ಯಂತ್ರಗಳಿಲ್ಲದ ಆಸ್ಪತ್ರೆಗಳಿಗೂ ಇದು ಒದಗಿತು. ವಿಶ್ವ ಆರೋಗ್ಯ ಸಂಸ್ಥೆಯ ಅತ್ಯಗತ್ಯ ಔಷಧಗಳ ಪಟ್ಟಿಯಲ್ಲಿ 1985ರಿಂದಲೂ ಇದಕ್ಕೆ ಸ್ಥಾನವಿದೆ. ನಮ್ಮ ನಾಡಿನ ಆಸ್ಪತ್ರೆಗಳಲ್ಲಿ ಮುರಿದ ಎಲುಬನ್ನು ಕೂಡಿಸುವಾಗ, ಸುಟ್ಟ ಗಾಯವನ್ನು ತೊಳೆಯುವಾಗ ಇದೇ ಮದ್ದನ್ನು ಪಡೆದವರು, ಅದರ ಹೆಸರನ್ನೇ ಕೇಳದವರು, ನಮ್ಮ ಓದುಗರಲ್ಲಿಯೂ ಇರಬಹುದು.

ಇಂತಹ ಅರಿವಳಿಕೆ ಮನೋರೋಗಕ್ಕೆ ಮದ್ದಾದುದು ಹೇಗೆ? ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ವೈದ್ಯರು 2000ದಲ್ಲಿ ಏಳು ಮಂದಿ ಖಿನ್ನತೆಯ ರೋಗಿಗಳ ಚಿಕ್ಕದೊಂದು ಅಧ್ಯಯನವನ್ನು ಪ್ರಕಟಿಸಿದರು. ಅರಿವಳಿಕೆಗೆ ಬೇಕಾದುದಕ್ಕಿಂತ ಬಹಳ ಕಡಿಮೆ ಪ್ರಮಾಣ, ಎಂದರೆ ದೇಹದ ಪ್ರತಿ ಕಿಲೋ ತೂಕಕ್ಕೆ ಅರ್ಧ ಮಿಲಿಗ್ರಾಂ ಕೆಟಮಿನ್ನನ್ನು 40 ನಿಮಿಷಗಳಲ್ಲಿ ರಕ್ತನಾಳದ ಮೂಲಕ ಹನಿಹನಿಯಾಗಿ ಕೊಟ್ಟಾಗ ಮೂರು ದಿನಗಳೊಳಗೆ ಖಿನ್ನತೆ ಇಳಿದುದು ಕಂಡುಬಂದಿತು. 2006ರಲ್ಲಿ ಅಲ್ಲಿನ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ಕಾರ್ಲೋಸ್ ಜರಾಟೆ ಮತ್ತು ಸಂಗಡಿಗರು, ಬೇರೆ ಔಷಧಗಳಿಗೆ ಬಗ್ಗದ ಖಿನ್ನತೆಯಿದ್ದ 18 ಜನರಲ್ಲಿ ಇದನ್ನು ಪರೀಕ್ಷಿಸಿದರು. ಮದ್ದು ಪಡೆದವರಲ್ಲಿ ನೂರಕ್ಕೆ 71ರಷ್ಟು ಜನರಿಗೆ ಒಂದೇ ದಿನದಲ್ಲಿ ಗುಣ ಕಂಡಿತು. ಆದರೆ ಆ ಗುಣ ಒಂದು ವಾರ ಉಳಿದದ್ದು ನೂರಕ್ಕೆ 35ರಷ್ಟು ಜನರಲ್ಲಿ ಮಾತ್ರ. ಈ ಎರಡು ಅಂಕಿಗಳನ್ನು ಜೊತೆಯಾಗಿಯೇ ನೆನಪಿಡಬೇಕು. ಹಳೆಯ ಗುಳಿಗೆಗಳು ವಾರಗಟ್ಟಲೆ ಕಾಯಿಸುವಲ್ಲಿ ಇದು ಗಂಟೆಗಳಲ್ಲಿ ಕೆಲಸಮಾಡುತ್ತದೆ. ಆದರೆ ಬಂದಷ್ಟೇ ಬೇಗ ಹೊರಟೂ ಹೋಗಬಲ್ಲುದು.

ಮೆದುಳಿನ ನರಕೋಶಗಳು ಒಂದರೊಡನೊಂದು ಮಾತನಾಡಲು ಬಳಸುವ ವಸ್ತುಗಳಲ್ಲಿ ಗ್ಲುಟಮೇಟ್ ಮುಖ್ಯವಾದುದು. ಅದು ಬಂದು ತಟ್ಟುವ ಬಾಗಿಲುಗಳಲ್ಲಿ ಒಂದನ್ನು ಕೆಟಮಿನ್ ತಡೆಯುತ್ತದೆ. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ, ಇದರಿಂದಾಗಿ ನರಕೋಶಗಳ ನಡುವಿನ ಹೊಸ ಕೂಡುದಾಣಗಳು ಒಂದು ದಿನದೊಳಗೆ ಚಿಗುರುವುದನ್ನು ವಿಜ್ಞಾನಿಗಳು ಕಂಡಿದ್ದಾರೆ. ಆ ಕೆಲವು ದಿನಗಳಲ್ಲಿ ಮನಸ್ಸು ಹದಗೊಂಡ ನೆಲದಂತಿರುತ್ತದೆ, ಬಿತ್ತುವುದಕ್ಕೆ ಅದೇ ಸಮಯ ಎಂಬುದು ಮನೋಚಿಕಿತ್ಸೆಯನ್ನು ಜೊತೆಗೂಡಿಸುವವರ ವಾದ.

ಈ ವಾದವೂ ಹೊಸದೇನಲ್ಲ. ಸೋವಿಯತ್ ರಷ್ಯದ ಲೆನಿನ್‌ಗ್ರಾಡಿನಲ್ಲಿ ಎವ್ಗೆನಿ ಕ್ರುಪಿಟ್ಸ್ಕಿ ಎಂಬ ವೈದ್ಯರು 1980ರ ದಶಕದಲ್ಲಿಯೇ ಕುಡಿತದ ವ್ಯಸನಿಗಳಿಗೆ ಕೆಟಮಿನ್ ಕೊಟ್ಟು, ಜೊತೆಗೆ ಮಾತಿನ ಚಿಕಿತ್ಸೆ ನಡೆಸಿದರು. 1997ರಲ್ಲಿ ಅವರು ಪ್ರಕಟಿಸಿದ ವರದಿಯಂತೆ, ಹೀಗೆ ಚಿಕಿತ್ಸೆ ಪಡೆದ 111 ಜನರಲ್ಲಿ ನೂರಕ್ಕೆ 66ರಷ್ಟು ಜನ ಒಂದು ವರ್ಷ ಕುಡಿತದಿಂದ ದೂರವಿದ್ದರು. ರೂಢಿಯ ಚಿಕಿತ್ಸೆ ಪಡೆದ 100 ಜನರಲ್ಲಿ ಅದು 24. ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯದವರು 96 ಜನರಲ್ಲಿ ಇನ್ನೂ ಕಟ್ಟುನಿಟ್ಟಾದ ಪರೀಕ್ಷೆ ನಡೆಸಿ 2022ರಲ್ಲಿ ಫಲವನ್ನು ಪ್ರಕಟಿಸಿದರು. ಕೆಟಮಿನ್ ಪಡೆದವರು ಆರು ತಿಂಗಳ ಅವಧಿಯಲ್ಲಿ ಕುಡಿಯದೆ ಕಳೆದ ದಿನಗಳು ಹೆಚ್ಚಾಗಿದ್ದವು. ಮದ್ದು ಮತ್ತು ಮನೋಚಿಕಿತ್ಸೆ ಎರಡೂ ದೊರೆತವರಲ್ಲಿ ಅಂತರ ಎಲ್ಲಕ್ಕಿಂತ ಮಿಗಿಲಾಗಿತ್ತು. ಅಮಲಿನ ಮದ್ದೆಂದು ಅಕ್ಕನವರು ಅಂಜಿದ ವಸ್ತುವನ್ನೇ ಅಮಲು ಬಿಡಿಸಲು ಬಳಸಿದ್ದಾರೆಂಬುದನ್ನು ಅವರಿಗೆ ತಿಳಿಸಿದಾಗ ಅವರು ಬಹಳ ಹೊತ್ತು ಮಾತಾಡಲಿಲ್ಲ.

ಚಿಕಿತ್ಸೆಯ ದಿನಗಳಲ್ಲಿ ನಮ್ಮಲ್ಲೊಬ್ಬರು ಸೊಸೆಯ ಜೊತೆಗೆ ಹೋಗುತ್ತಿದ್ದೆವು. ಮದ್ದು ಕೊಡುವ ಮೊದಲೇ ಮನಶ್ಶಾಸ್ತ್ರಜ್ಞೆಯೊಬ್ಬರು ಎರಡು ಸಲ ಅವಳನ್ನು ಕೂರಿಸಿಕೊಂಡು ಮಾತನಾಡಿದ್ದರು. ಆ ದಿನ ಕೆಲವು ಗಂಟೆಗಳ ಉಪವಾಸ, ರಕ್ತದೊತ್ತಡದ ತಪಾಸಣೆ, ಒರಗು ಕುರ್ಚಿ, ಕಣ್ಣಿಗೆ ಪಟ್ಟಿ, ಮೆಲುವಾದ ಸಂಗೀತ. ಮದ್ದು ಹನಿಯುವಷ್ಟು ಹೊತ್ತೂ ಆಕೆ ಪಕ್ಕದಲ್ಲಿಯೇ ಇರುತ್ತಿದ್ದರು. ಎರಡು ಗಂಟೆಗಳ ಬಳಿಕ ಮನೆಗೆ. ಮರುದಿನದವರೆಗೆ ಕಾರು ಓಡಿಸುವಂತಿರಲಿಲ್ಲ. ಮೊದಲ ದಿನ ಹಿಂದಿರುಗುವಾಗ ಅವಳು ಹೇಳಿದಳು: "ಮಾಮಾ, ಎಲ್ಲೋ ದೂರದಿಂದ ನನ್ನನ್ನ ನಾನ ನೋಡಿಧಂಗ ಆತು. ಆ ಹುಡುಗಿ ಮ್ಯಾಲೆ ಮರುಕ ಬಂತು. ಎರಡ ವರ್ಷ ಬರೇ ಸಿಟ್ಟ ಇತ್ತು." ಎರಡು ದಿನ ಬಿಟ್ಟು ಮನಶ್ಶಾಸ್ತ್ರಜ್ಞೆಯೊಡನೆ ಕುಳಿತು ಆ ಮರುಕದ ಎಳೆಯನ್ನೇ ಹಿಡಿದು ಮಾತು ಮುಂದುವರಿಸಿದಳು. ಎರಡನೆಯ ಸಲದ ನಂತರ ಒಂದು ಬೆಳಿಗ್ಗೆ ಯಾರೂ ಹೇಳದೆ ಹಿರಿಯ ಮಗಳ ತಲೆ ಬಾಚಿ ಜಡೆ ಹಾಕಿದಳು. ಅಷ್ಟನ್ನು ಕಂಡೇ ಅವಳ ಗಂಡ ಒಳಗೆ ಹೋಗಿ ಕಣ್ಣೊರೆಸಿಕೊಂಡ.

ಆದರೆ ಕಥೆಯನ್ನು ಇಲ್ಲಿಗೇ ನಿಲ್ಲಿಸಿದರೆ ಓದುಗರಿಗೆ ಅನ್ಯಾಯವಾಗುತ್ತದೆ. ಮೂರು ವಾರಗಳಲ್ಲಿ ಆರು ಸಲ ಮದ್ದಾದ ಮೇಲೂ ಆ ಚಳಿಗಾಲದಲ್ಲಿ ಖಿನ್ನತೆ ಮತ್ತೆ ತಲೆಯೆತ್ತಿತು. ಎರಡು ಸಲ ಮದ್ದು ಕೊಡಬೇಕಾಯಿತು. ವಾರವಾರದ ಮಾತಿನ ಚಿಕಿತ್ಸೆ ವರ್ಷಕ್ಕೂ ಹೆಚ್ಚು ಕಾಲ ನಡೆಯಿತು. ವಿಮೆಯ ಹಣ ದೊರೆಯದೆ ವೆಚ್ಚವೆಲ್ಲ ಕೈಯಿಂದಲೇ ಹೋಯಿತು. ಇಂದು ಅವಳು ಕೆಲಸಕ್ಕೆ ಹೋಗುತ್ತಾಳೆ, ನಗುತ್ತಾಳೆ. ಗುಣವಾಯಿತೆನ್ನದೆ, ಗುಣವಾಗುತ್ತಿದ್ದೇನೆ ಎನ್ನುತ್ತಾಳೆ.

ಈ ಮದ್ದಿನ ಅಪಾಯಗಳೂ ಸಣ್ಣವಲ್ಲ. ರಕ್ತದೊತ್ತಡ ಏರುತ್ತದೆ, ಓಕರಿಕೆ, ದಿಗ್ಭ್ರಮೆ ಆಗಬಹುದು, ಅಮಲಿಗಾಗಿ ಮೇಲಿಂದ ಮೇಲೆ ಬಳಸಿದವರ ಮೂತ್ರಕೋಶವೇ ಹಾಳಾದ ಉದಾಹರಣೆಗಳಿವೆ. ಅಮೆರಿಕದ ಪ್ರಸಿದ್ಧ ನಟ ಮ್ಯಾಥ್ಯೂ ಪೆರಿ 2023ರ ಅಕ್ಟೋಬರಿನಲ್ಲಿ ತೀರಿಕೊಂಡುದಕ್ಕೆ ಕೆಟಮಿನ್ನೇ ಮುಖ್ಯ ಕಾರಣವೆಂದು ಶವಪರೀಕ್ಷೆ ತಿಳಿಸಿತು. ಅವರು ಖಿನ್ನತೆಗೆ ವೈದ್ಯರಿಂದ ಈ ಚಿಕಿತ್ಸೆ ಪಡೆದಿದ್ದರು; ಪ್ರಾಣ ತೆಗೆದದ್ದು ಅದರ ಹೊರಗೆ ಕಳ್ಳದಾರಿಯಿಂದ ಬಂದ ಮದ್ದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು ಕೆಟಮಿನ್ನಿನ ಸೋದರವಸ್ತುವಾದ ಎಸ್ಕೆಟಮಿನ್ನನ್ನು ಮೂಗಿನಲ್ಲಿ ಸಿಂಪಡಿಸುವ ರೂಪದಲ್ಲಿ 2019ರ ಮಾರ್ಚಿನಲ್ಲಿ ಖಿನ್ನತೆಗೆ ಅಂಗೀಕರಿಸಿತು. ಅದನ್ನು ಆಸ್ಪತ್ರೆಯಲ್ಲಿಯೇ ತೆಗೆದುಕೊಂಡು ಕನಿಷ್ಠ ಎರಡು ಗಂಟೆ ನಿಗಾದಲ್ಲಿರಬೇಕೆಂಬ ನಿಯಮವಿದೆ. ಮೂಲ ಕೆಟಮಿನ್ನನ್ನು ಯಾವ ಮನೋರೋಗಕ್ಕೂ ಅಂಗೀಕರಿಸಿಲ್ಲವೆಂದು ಅದೇ ಸಂಸ್ಥೆ 2023ರಲ್ಲಿ ಎಚ್ಚರಿಸಿತು. ವೈದ್ಯರು ಅದನ್ನು ಕೊಡುವುದು ತಮ್ಮ ಹೊಣೆಯ ಮೇಲೆ. ಅದೇ ವರ್ಷ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು, ಶಸ್ತ್ರಚಿಕಿತ್ಸೆಗಾಗಿ ಅರಿವು ತಪ್ಪಿಸಿದ್ದ 40 ಮಂದಿ ಖಿನ್ನರಲ್ಲಿ ಅರ್ಧ ಜನಕ್ಕೆ ಕೆಟಮಿನ್, ಅರ್ಧ ಜನಕ್ಕೆ ಬರಿಯ ಉಪ್ಪುನೀರು ಕೊಟ್ಟು ನೋಡಿದರು. ಎರಡೂ ಗುಂಪುಗಳು ಒಂದೇ ಸಮನಾಗಿ ಸುಧಾರಿಸಿದವು! ಗುಣವಾಗುವೆನೆಂಬ ನಂಬಿಕೆಗೂ, ಜೊತೆಗೆ ನಿಂತವರ ಆರೈಕೆಗೂ ಎಷ್ಟು ಬಲವಿದೆ ಎಂಬುದನ್ನು ಇದು ಸೂಚಿಸುತ್ತದೆ.

ಇಷ್ಟೆಲ್ಲ ತಿಳಿದ ಮೇಲೆ ಅಕ್ಕನವರಿಗೆ ನಾವು ಕೊಟ್ಟ ಉತ್ತರ ಇದು. ಬದುಕನ್ನು ಮರೆಯಲೆಂದು ಒಬ್ಬಂಟಿಯಾಗಿ, ಅಳತೆಯಿಲ್ಲದೆ, ಬಚ್ಚಿಟ್ಟುಕೊಂಡು ತೆಗೆದುಕೊಂಡರೆ ಅದು ಅಮಲು. ಬದುಕಿಗೆ ಮರಳಲೆಂದು ಬಲ್ಲವರ ಎದುರಿನಲ್ಲಿ, ಅಳತೆಯಿಟ್ಟು, ಮನೆಯವರಿಗೆ ತಿಳಿಸಿ ತೆಗೆದುಕೊಂಡರೆ ಅದು ಔಷಧ. ವಸ್ತು ಒಂದೇ ಆದುದರಿಂದ ಎಚ್ಚರ ಮಾತ್ರ ಕೊನೆಯವರೆಗೂ ಬೇಕು. ಅಕ್ಕನವರು, "ಹಂಗಾದ್ರ ಆಗಲಿ. ಆದರ ನೀವು ಯಾರರೆ ಒಬ್ಬರು ಕೂಡ ಹೋಗ್ರಿ" ಎಂದರು. ವಿದ್ವಾಂಸರ ಅಧ್ಯಯನಗಳ ಸಾರವೂ ಅದೇ ಎಂದು ನಮಗನ್ನಿಸಿತು.

ನಮ್ಮ ದೇಶದಲ್ಲಿ ಕೆಟಮಿನ್ 2011ರಿಂದ ಮಾದಕ ವಸ್ತುಗಳ ಕಾಯಿದೆಗೂ 2013ರ ಕೊನೆಯಿಂದ ಔಷಧ ನಿಯಮಗಳ ಬಿಗಿಯಾದ ಎಕ್ಸ್ ಪಟ್ಟಿಗೂ ಒಳಪಟ್ಟಿದೆ. ವೈದ್ಯರ ಚೀಟಿ ಎರಡು ಪ್ರತಿಗಳಲ್ಲಿರಬೇಕು, ಒಂದನ್ನು ಅಂಗಡಿಯವರು ಎರಡು ವರ್ಷ ಕಾಯ್ದಿಡಬೇಕು. ಆದುದರಿಂದ ಈ ಲೇಖನವನ್ನು ಓದಿ ಯಾರೂ ಮದ್ದನ್ನು ಹುಡುಕಿಕೊಂಡು ಹೊರಡಬಾರದು. ಹುಡುಕಬೇಕಾದುದು ಒಳ್ಳೆಯ ಮನೋವೈದ್ಯರನ್ನು. ಬಹು ಜನರಿಗೆ ಸಾಮಾನ್ಯ ಗುಳಿಗೆ ಮತ್ತು ಮಾತಿನ ಚಿಕಿತ್ಸೆಗಳೇ ಸಾಕಾಗುತ್ತವೆ. ಹತ್ತಿರದಲ್ಲಿ ವೈದ್ಯರಿಲ್ಲದವರು 2022ರ ಅಕ್ಟೋಬರಿನಲ್ಲಿ ಕೇಂದ್ರ ಸರಕಾರ ಆರಂಭಿಸಿದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಕರೆ ಮಾಡಬಹುದು. ಹಗಲಿರುಳೂ ದೊರೆಯುವ ಈ ಸೇವೆಗೆ ಶುಲ್ಕವಿಲ್ಲ, ಕನ್ನಡದಲ್ಲಿಯೇ ಮಾತನಾಡಬಹುದು.

ಬಂಧುಗಳೇ, ನಿಮ್ಮ ಮನೆಯಲ್ಲಿ ಯಾರಾದರೂ "ನಾನಿದ್ದು ಏನಾಗಬೇಕು" ಎಂದರೆ ಅದನ್ನು ಬೇಸರದ ಮಾತೆಂದು ಬಿಟ್ಟುಬಿಡಬೇಡಿರಿ, ಗದರಿಸಲೂ ಬೇಡಿರಿ. ಹತ್ತಿರ ಕುಳಿತು ಕೇಳಿರಿ. ಅಂದೇ ವೈದ್ಯರ ಬಳಿಗೆ ಕರೆದೊಯ್ಯಿರಿ. ಚಿಕಿತ್ಸೆ ಎಷ್ಟು ದಿನ ನಡೆದರೂ ಜೊತೆಗಿರಿ.