ಮಂಜೀರ ದಾಟಿದವರು
(ಕಲ್ಹೇರಿನ ದಿನಚರಿಯಿಂದ ಕೆಲವು ಪುಟಗಳು)

18 ಫೆಬ್ರವರಿ 2025, ಮಂಗಳವಾರ

ಎರಡನೆಯ ದೃಶ್ಯ ಇವತ್ತೂ ಮುಂದೆ ಹೋಗಲಿಲ್ಲ. ಕಲ್ಯಾಣದಲ್ಲಿ ಬಿಜ್ಜಳನ ಕೊಲೆಯಾಗಿದೆ. ಶರಣರನ್ನು ಹುಡುಕಿ ಹುಡುಕಿ ಕೊಲ್ಲುತ್ತಿದ್ದಾರೆ. ಚೆನ್ನಬಸವಣ್ಣನ ಜೊತೆ ಒಂದು ದಂಡು ಉಳವಿಯ ಕಡೆ ಹೊರಟಿದೆ. ಇಷ್ಟು ಎಲ್ಲರೂ ಬಲ್ಲ ಕತೆ. ನನ್ನ ನಾಟಕದ ಮಂದಿ ಆ ದಂಡಿನಲ್ಲಿಲ್ಲ. ಮಗ್ಗದ ಮುದುಕ, ಅವನ ಸೊಸೆ, ಸೊಸೆಯ ಕಂಕುಳಲ್ಲಿ ಕೂಸು. ಪಡುವಣಕ್ಕೆ ದಾರಿ ಸಿಗದೆ ಮೂಡಣಕ್ಕೆ ತಿರುಗಿ, ಮಂಜೀರ ದಾಟಿ ನಮ್ಮ ಕಡೆ ಬರುತ್ತಾರೆ. ಇವರನ್ನು ಕಂಡವರಿಲ್ಲ, ಬರೆದವರಿಲ್ಲ, ನಾನು ಕಟ್ಟಿಕೊಂಡವರು. ಆದರೆ ಪ್ರಾಣಭಯದಲ್ಲಿ ಓಡುವ ಊರು ಒಂದೇ ದಿಕ್ಕಿಗೆ ಓಡುತ್ತದೆಂದು ನನಗೆ ಯಾವತ್ತೂ ಅನಿಸಿಲ್ಲ.

ನಾನು ಮೊದಲು ಕೂತು ಬರೆಯುವವಳಲ್ಲ. ಬೆಳಗಿನ ಹೊತ್ತು ರೊಟ್ಟಿ ಬಡಿಯುತ್ತ ಮಾತನ್ನು ಬಾಯಲ್ಲಿ ಆಡುತ್ತೇನೆ. ಹಂಚಿನ ಮೇಲಿನ ರೊಟ್ಟಿ ಮಗುಚುವಷ್ಟರಲ್ಲಿ ಒಂದು ಪಾತ್ರದ ಮಾತು ಮುಗಿಯಬೇಕು. ಮುಗಿಯದಿದ್ದರೆ ಅದು ಉದ್ದವಾಯಿತೆಂದೇ ಲೆಕ್ಕ. ಶಾಲೆಯಿಂದ ಬಂದಮೇಲೆ ನೆನಪಿನಲ್ಲಿ ಉಳಿದಷ್ಟನ್ನು ನೋಟುಬುಕ್ಕಿಗೆ ಇಳಿಸುತ್ತೇನೆ. ಸಂಜೆಯವರೆಗೆ ಉಳಿಯದ ಮಾತು ನಟನ ಬಾಯಲ್ಲೂ ಉಳಿಯುವುದಿಲ್ಲ.

ಅತ್ತಿ ಕಟ್ಟೆಯ ಮೇಲೆ ತೊಗರಿಬೇಳೆ ಹಸನು ಮಾಡುತ್ತ ಎಲ್ಲವನ್ನೂ ಕೇಳಿಸಿಕೊಂಡರು. ‘ಹಂಗ ಯಾರ್ ಮಾತಾಡ್ತಾರವ್ವ? ಆಕಿ ಗಂಡ ಸತ್ತಾನಂತಿ, ಪುಸ್ತಕ ಓದಿದಂಗ ಅಳ್ತಾಳ!’ ಅಂದರು. ಸೊಸೆಯ ಮಾತನ್ನೆಲ್ಲ ಹೊಡೆದುಹಾಕಿದೆ.

26 ಫೆಬ್ರವರಿ, ಬುಧವಾರ, ಶಿವರಾತ್ರಿ

ಝರಾಸಂಗಮಕ್ಕೆ ಹೋಗಿಬಂದೆವು. ಬೇರೆಡೆ ಶಿವನಿಗೆ ಸಲ್ಲದ ಕೇದಗೆ ಇಲ್ಲಿ ಕೇತಕಿ ಸಂಗಮೇಶ್ವರನಿಗೆ ಸಲ್ಲುತ್ತದೆ. ಪಾಳಿಯಲ್ಲಿ ನಿಂತಷ್ಟು ಹೊತ್ತೂ ನನ್ನ ಕಿವಿ ಮುಂದೆ ನಿಂತ ಹೆಂಗಸಿನ ಮೇಲಿತ್ತು. ಮಗಳನ್ನು ಗದರಿಸಿದ್ದು ಕನ್ನಡದಲ್ಲಿ, ಬಾಳೆಹಣ್ಣಿನವನೊಂದಿಗೆ ಚೌಕಾಶಿ ತೆಲುಗಿನಲ್ಲಿ, ಹಿಂದೆ ಬಂದ ಬೀಗರನ್ನು ಮಾತಾಡಿಸಿದ್ದು ಮರಾಠಿಯಲ್ಲಿ. ಎಲ್ಲೂ ತಡವರಿಸಲಿಲ್ಲ. ಪ್ರತಿ ಭಾಷೆಗೂ ಅವಳ ಕೈ ಬೇರೆ ರೀತಿ ಆಡುತ್ತಿತ್ತು, ದನಿಯ ಮಟ್ಟವೂ ಬೇರೆ. ನಟನಟಿಯರು ವರ್ಷಗಟ್ಟಲೆ ತಾಲೀಮು ಮಾಡಿ ಕಲಿಯುವುದನ್ನು ಈ ಗಡಿಯ ಹೆಣ್ಣುಮಕ್ಕಳು ಸಂತೆಯಲ್ಲೇ ಕಲಿತಿರುತ್ತಾರೆ.

ಈ ಗಡಿ ಹಳೆಯದಲ್ಲ. ಅತ್ತಿ ಹುಟ್ಟಿದಾಗ ನಮ್ಮ ನಾರಾಯಣಖೇಡ, ಜಹೀರಾಬಾದ್ ಎರಡೂ ಬೀದರ ಜಿಲ್ಲೆಯ ತಾಲೂಕುಗಳು, ತಾಂಡೂರು ಗುಲಬರ್ಗಾದ್ದು. 1956ರ ನವೆಂಬರ್ 1ಕ್ಕೆ ರಾಜ್ಯಗಳ ಪುನರ್ವಿಂಗಡಣೆಯಾಯಿತು. ನಾರಾಯಣಖೇಡ ಇಡಿಯಾಗಿ, ಜಹೀರಾಬಾದ್ ನಿರ್ಣಾ ಭಾಗವೊಂದನ್ನು ಬಿಟ್ಟು, ಬೀದರ ತಾಲೂಕಿನ ನ್ಯಾಲ್ಕಲ್ ಭಾಗ, ಆ ಕಡೆ ತಾಂಡೂರು, ಕೊಡಂಗಲ್ ಎಲ್ಲ ಆಂಧ್ರಪ್ರದೇಶಕ್ಕೆ ಸೇರಿದವು. ಔರಾದ ಕಡೆಯ ಹುಡುಗಿಯಾಗಿದ್ದ ಅತ್ತಿ ಮದುವೆಯಾಗಿ ಬರುವ ಹೊತ್ತಿಗೆ ತವರು ಒಂದು ರಾಜ್ಯ, ಗಂಡನ ಮನೆ ಇನ್ನೊಂದು. ಆಡುವ ಮಾತಿಗೆ ಅದರ ಗೊಡವೆಯೇ ಇರಲಿಲ್ಲ.

9 ಮಾರ್ಚ್, ಭಾನುವಾರ

ಇಡೀ ದಿನ ‘ತಲೆದಂಡ’ ಓದಿದೆ. ಮಂಡಲ, ಮಂದಿರಗಳ ಗಲಾಟೆಯ ಕಾಲದಲ್ಲಿ ಕಾರ್ನಾಡರು ಬರೆದ ನಾಟಕ, 1990ರದ್ದು. ಬಿಜ್ಜಳ, ಸೋವಿದೇವ, ದಾಮೋದರಭಟ್ಟರ ಅರಮನೆಯ ಮಾತುಗಳಿಗೆ ಎಲ್ಲರೂ ತಲೆದೂಗುತ್ತಾರೆ. ನನ್ನನ್ನು ಹಿಡಿದು ನಿಲ್ಲಿಸುವುದು ಮದುವೆಯ ಮಾತುಕತೆ. ಮಧುವರಸನ ಹೆಂಡತಿ ಲಲಿತಾಂಬೆಗೆ ತನ್ನ ಮಗಳು ತೊಗಲಿನ ಕೆಲಸದ ಮನೆಯಲ್ಲಿ ಹೇಗೆ ಬಾಳುವಳೆಂಬ ಅಂಜಿಕೆ. ಶರಣಧರ್ಮವನ್ನು ಮನಸಾರೆ ಒಪ್ಪಿದವಳೇ ಅವಳು. ಆದರೂ ಮೂಗು ಒಪ್ಪುವುದಿಲ್ಲ. ಒಂದು ದೊಡ್ಡ ಚಳವಳಿ ಅಡಿಗೆಮನೆಯ ಹೊಸ್ತಿಲಿಗೆ ಬಂದು ನಿಂತಾಗ ಏನಾಗುತ್ತದೆಂದು ಹೇಳಲು ಇದಕ್ಕಿಂತ ಖರೇ ದೃಶ್ಯ ನಮ್ಮ ಭಾಷೆಯಲ್ಲಿ ನಾನು ಓದಿಲ್ಲ. ಲಂಕೇಶರ ‘ಸಂಕ್ರಾಂತಿ’ಯಲ್ಲಿ ರುದ್ರ, ಉಷಾ ಎಂಬ ಪ್ರೇಮಿಗಳಿದ್ದಾರೆ. ಅದರಲ್ಲಿ ಪ್ರಾಯದ ಬಿಸಿ ಇದೆ, ಸಿಟ್ಟಿದೆ. ತಾಯಂದಿರ ಅಂಜಿಕೆ ಇಲ್ಲ. ನನಗೆ ಬೇಕಾದದ್ದು ತಾಯಂದಿರದ್ದು.

ಮಧ್ಯಾಹ್ನದಿಂದ ತಲೆಯಲ್ಲಿ ಕೈಲಾಸಂ. ಅವರು ಎಷ್ಟೋ ನಾಟಕಗಳನ್ನು ಕೈಯಿಂದ ಬರೆಯಲಿಲ್ಲ. ತಾವು ಆಡುತ್ತ ಹೋದರು, ಗೆಳೆಯರು ಬರೆದುಕೊಂಡರು. ಬೆಂಗಳೂರಿನ ವಕೀಲರ, ಗುಮಾಸ್ತರ ಮನೆಗಳಲ್ಲಿ ನಿಜಕ್ಕೂ ಆಡುತ್ತಿದ್ದ ಇಂಗ್ಲಿಷ್ ಬೆರೆತ ಕನ್ನಡ ಹಾಗೆಯೇ ರಂಗಕ್ಕೆ ಬಂತು. ಅದಕ್ಕೆ ಮೊದಲು ರಾಜರೂ ರಾಣಿಯರೂ ಗ್ರಂಥದ ಕನ್ನಡ ಆಡುತ್ತಿದ್ದ ರಂಗ ಅದು. ಇಂಗ್ಲಿಷ್ ಬೆರೆತದ್ದು ಅಲ್ಲಿ ನಾಟಕವಾಗಬಹುದಾದರೆ, ಉರ್ದು, ತೆಲುಗು, ಮರಾಠಿ ಬೆರೆತ ನಮ್ಮ ಮನೆಮಾತು ಇಲ್ಲಿ ಏಕಾಗಬಾರದು? ನನ್ನ ಸೊಸೆ ಹನ್ನೆರಡನೆಯ ಶತಮಾನದವಳೆಂಬುದು ಗೊತ್ತಿದೆ. ಆ ಕಾಲದ ಮಾತನ್ನು ಹಾಗೆಯೇ ತರಲು ಯಾರಿಂದಲೂ ಆಗದು. ಹಾಗಿರುವಾಗ ಅವಳು ನಮ್ಮ ಓಣಿಯ ಮಾತು ಆಡಲಿ. ನೋಡುವವರು ನಮ್ಮ ಓಣಿಯವರೇ ಅಲ್ಲವೇ.

23 ಮಾರ್ಚ್, ಭಾನುವಾರ

ನಿನ್ನೆ ಹೈದರಾಬಾದಿನಲ್ಲಿ ಸುರಭಿಯವರ ‘ಮಾಯಾಬಜಾರ್’. ರಾತ್ರಿ ತಂಗಿಯ ಮನೆಯಲ್ಲಿ ಉಳಿದು ಈಗಷ್ಟೇ ಊರು ಸೇರಿದೆ. ಕಣ್ಣು ಉರಿಯುತ್ತಿದೆ, ಆದರೂ ಬರೆದೇ ಮಲಗಬೇಕು.

1885ರಲ್ಲಿ ಕಡಪದ ಕಡೆಯ ಸುರಭಿ ಎಂಬ ಹಳ್ಳಿಯಲ್ಲಿ ವನಾರಸ ಗೋವಿಂದರಾವ್ ಶುರು ಮಾಡಿದ ಮನೆತನದ ನಾಟಕ ಇದು. ಅಜ್ಜ, ಸೊಸೆ, ಮೊಮ್ಮಗ ಎಲ್ಲರೂ ಬಣ್ಣ ಹಚ್ಚುತ್ತಾರೆ. ಘಟೋತ್ಕಚ ಮೇಲಿನಿಂದ ಇಳಿದಾಗ ನನ್ನ ಪಕ್ಕದ ಮಗು ಸೀಟಿನ ಮೇಲೆ ಎದ್ದು ನಿಂತಿತು. ಆದರೆ ನಾನು ಹೋದದ್ದು ತಂತಿಗಳ ಚಮತ್ಕಾರ ನೋಡಲಿಕ್ಕಲ್ಲ. ಬಿ.ವಿ. ಕಾರಂತರು ಇವರೊಂದಿಗೆ ಕೂತು ‘ಭೀಷ್ಮ’ ಆಡಿಸಿದರು, ಬ್ರೆಖ್ಟನ ನಾಟಕವೊಂದನ್ನು ‘ಬಸ್ತಿ ದೇವತ ಯಾದಮ್ಮ’ ಮಾಡಿದರು ಎಂದು ಓದಿದಾಗಿನಿಂದ ಇವರನ್ನು ಕಣ್ಣಾರೆ ಕಾಣಬೇಕೆನಿಸಿತ್ತು. ಬಾಬುಕೋಡಿಯ ಹುಡುಗ ಮನೆ ಬಿಟ್ಟು ಓಡಿ ಸೇರಿದ್ದು ಗುಬ್ಬಿ ವೀರಣ್ಣನವರ ಕಂಪನಿ. ಓದಿಗಾಗಿ ಬನಾರಸಿಗೆ ಕಳಿಸಿದ್ದೂ ವೀರಣ್ಣನವರೇ. ಮುಂದೆ ದಿಲ್ಲಿಯ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾದರೂ, ಕಂಪನಿಯವರ ನಡುವೆ ಕೂತಾಗ ಕಾರಂತರು ಹೊರಗಿನವರಾಗಿರಲಿಕ್ಕಿಲ್ಲ. ಆ ಪಡದೆಯ ಹಿಂದಿನ ಬದುಕು ಅವರದ್ದೂ ಆಗಿತ್ತು. ಒಬ್ಬ ಕನ್ನಡಿಗ, ತೆಲುಗಿನ ಒಂದು ಮನೆತನ, ಜರ್ಮನಿಯವನೊಬ್ಬನ ನಾಟಕ: ಮೂರೂ ಹೈದರಾಬಾದಿನ ಬಸ್ತಿಯೊಂದರ ಹೆಣ್ಣಿನ ಹೆಸರಲ್ಲಿ ಕೂಡಿದವು. ಇದನ್ನು ನೆನೆದಾಗಲೆಲ್ಲ ನನಗೆ ಬಲ ಬರುತ್ತದೆ.

30 ಮಾರ್ಚ್, ಯುಗಾದಿ

ಪಕ್ಕದ ಮನೆಯಿಂದ ಮಾವಿನಕಾಯಿ ಹಾಕಿದ ಪಚ್ಚಡಿ ಬಂತು. ನಮ್ಮಲ್ಲಿ ಪುಟಾಣಿ, ಒಣದ್ರಾಕ್ಷಿ ಹಾಕಿ ನೀರಾಗಿ ಕಲಸಿದ ಬೇವು. ಅವರಿಗೆ ಒಂದು ತಂಬಿಗೆ ಕೊಟ್ಟು ಬಂದೆ. ಬಿಸಿಲು ಈಗಲೇ ತಡೆಯಲಾಗುತ್ತಿಲ್ಲ. ಬರೆದದ್ದು ಏನೂ ಇಲ್ಲ.

13 ಏಪ್ರಿಲ್, ಭಾನುವಾರ

ಒಂದು ಹೊತ್ತಿನ ಶಾಲೆ ಶುರುವಾದಾಗಿನಿಂದ ಸಂಜೆ ಹೊತ್ತು ಮಕ್ಕಳು ನಮ್ಮ ಅಂಗಳಕ್ಕೆ ಬರುತ್ತಾರೆ. ಮನೆಯಲ್ಲಿ ಕನ್ನಡ ಆಡುವವರು. ಓದುವುದು, ಬರೆಯುವುದು ತೆಲುಗಿನಲ್ಲಿ. ಹೀಗಾಗಿ ನಾಟಕದ ಮಾತನ್ನು ತೆಲುಗು ಅಕ್ಷರದಲ್ಲಿ ಬರೆದುಕೊಳ್ಳುತ್ತಾರೆ. ಮೊದಲ ದಿನ ನೋಡಿ ಎದೆ ಹಿಂಡಿದಂತಾಯಿತು. ಈಗ ಹಾಗಿಲ್ಲ. ಅಕ್ಷರ ಯಾವುದಾದರೂ ಬಾಯಿಗೆ ಬರುವುದು ಕನ್ನಡವೇ. ಬೇಸಿಗೆ ರಜೆಯಲ್ಲಿ ಕನ್ನಡ ಅಕ್ಷರ ಕಲಿಸುತ್ತೇನೆಂದಿದ್ದೇನೆ, ಕಲಿಸಿಯೇ ತೀರುತ್ತೇನೆ.

ಮುದುಕನ ಪಾತ್ರದ ಹುಡುಗ ತಾಲೀಮಿನ ನಡುವೆ ಕೇಳಿದ: ‘ಟೀಚರ್, ಆ ಕೂಸು ದೊಡ್ಡದಾದ ಮ್ಯಾಲ ಯಾವ ಭಾಷಾ ಮಾತಾಡ್ತದ?’

ಮೂರನೆಯ ದೃಶ್ಯಕ್ಕೆ ಕೀಲಿ ಸಿಕ್ಕಿದ್ದು ಆಗ. ಪಾಲ್ಕುರಿಕೆ ಸೋಮನಾಥ ಬಸವಣ್ಣನ ಕತೆಯನ್ನು ತೆಲುಗಿನಲ್ಲಿ ‘ಬಸವಪುರಾಣಮು’ ಎಂದು ಬರೆದ. ಅದನ್ನು ಆಧರಿಸಿ ಭೀಮಕವಿ 1369ರಲ್ಲಿ ಕನ್ನಡದ ಬಸವಪುರಾಣ ಬರೆದ. ಕನ್ನಡದಲ್ಲಿ ಹರಿಹರನ ರಗಳೆ ಮೊದಲೇ ಇತ್ತು. ಆದರೂ ಕಲ್ಯಾಣದ ಕತೆ ತೆಲುಗು ನಾಡಿಗೆ ಹೋಗಿ, ಅಲ್ಲಿ ಪುರಾಣವಾಗಿ, ಮತ್ತೆ ತಿರುಗಿ ಕನ್ನಡಕ್ಕೆ ಬಂತು. ಹೋಗುವಾಗ ಅದನ್ನು ಹೊತ್ತವರು ಯಾರು? ಸೋಮನಾಥನಿಗಿಂತ ಮೊದಲು ಅದನ್ನು ಹಾಡಿದ ಜಂಗಮರಿದ್ದರು, ಹೇಳಿದ ಮುದುಕಿಯರಿದ್ದರು. ನನ್ನ ಕೂಸು ಅಂಥ ಮುದುಕಿ. ಬಿಜ್ಜಳ ಸತ್ತು ಎಷ್ಟೋ ಕಾಲವಾಗಿದೆ. ಹಲ್ಲು ಹೋಗಿವೆ, ಮೊಮ್ಮಕ್ಕಳು ತೆಲುಗು ಆಡುತ್ತಾರೆ. ಜಂಗಮನೊಬ್ಬ ಬಾಗಿಲಿಗೆ ಬಂದು ತೆಲುಗಿನಲ್ಲಿ ಒಂದು ಊರಿನ ಕತೆ ಹಾಡುತ್ತಾನೆ. ಅದು ತಾನು ಹುಟ್ಟಿದ ಓಣಿ ಎಂದು ಅವಳಿಗೆ ಗುರುತು ಹತ್ತುತ್ತದೆ. ಅವನು ತಪ್ಪಿ ಹಾಡಿದಲ್ಲಿ ತಿದ್ದುತ್ತಾಳೆ, ಅವ್ವನಿಂದ ಕೇಳಿದ ಕನ್ನಡದಲ್ಲಿ.

ರಾತ್ರಿ ಒಂದೇ ಓಟಕ್ಕೆ ಬರೆದೆ. ರೊಟ್ಟಿಯೂ ಇಲ್ಲ, ಹಂಚೂ ಇಲ್ಲ.

30 ಏಪ್ರಿಲ್, ಬುಧವಾರ, ಬಸವ ಜಯಂತಿ

ಅಂಗಳದಲ್ಲಿ ಎರಡು ದೃಶ್ಯ ಆಡಿದೆವು. ಪಡದೆಯಿಲ್ಲ, ಬಣ್ಣವಿಲ್ಲ. ಹಾರ್ಮೋನಿಯಂ ಪೇಟಿ ಸಿಕ್ಕಿತು, ನುಡಿಸುವವರು ಸಿಗಲಿಲ್ಲ. ಓಣಿಯ ಮಂದಿ ಊಟ ಮುಗಿಸಿ ಚಾಪೆ ಹಿಡಿದು ಬಂದರು. ಸೊಸೆ ಮಂಜೀರದಲ್ಲಿ ಇಳಿಯುವ ಮೊದಲು ಗಂಡನ ಮಗ್ಗದ ಲಾಳಿಯನ್ನು ಸೆರಗಿಗೆ ಕಟ್ಟಿಕೊಳ್ಳುತ್ತಾಳೆ. ಅಲ್ಲಿ ಮಾತೇ ಇಲ್ಲ. ಅತ್ತಿ ಹೊಡೆದುಹಾಕಿಸಿದ ಜಾಗ ಅದು. ಹೆಂಗಸರು ಅತ್ತದ್ದು ಅಲ್ಲೇ. ಮುದುಕನಾದ ಹುಡುಗ ನೀರಿನ ಆಳ ನೋಡುವಾಗ ನಿಜವಾಗಿ ನಡುಗಿದ. ಅದನ್ನು ಕಲಿಸಿದ್ದು ನಾನಲ್ಲ.

ಏಣಗಿ ಬಾಳಪ್ಪನವರ ನೆನಪಾಯಿತು. 1914ರಲ್ಲಿ ಹುಟ್ಟಿ 2017ರವರೆಗೆ ಬಾಳಿದ ಜೀವ. ಪ್ರಾಯದಲ್ಲಿ ಸ್ತ್ರೀಪಾತ್ರ ಮಾಡಿದವರು, ಮುಂದೆ ಬಸವಣ್ಣನ ಪಾತ್ರದಿಂದ ನಾಡಿಗೆಲ್ಲ ಹೆಸರಾದರು. ನಮ್ಮ ನಾಟಕದಲ್ಲಿ ಬಸವಣ್ಣ ರಂಗಕ್ಕೇ ಬರುವುದಿಲ್ಲ. ಅವನ ಊರಿನಿಂದ ಓಡಿಬಂದವರಷ್ಟೇ ಬರುತ್ತಾರೆ. ನೋಡಲು ಬಂದ ಹಿರಿಯರೊಬ್ಬರು ಇದನ್ನು ಕೊರತೆ ಎಂದರು. ನನಗೆ ಹಾಗನ್ನಿಸುವುದಿಲ್ಲ. ಕಲ್ಯಾಣದಲ್ಲಿ 108 ಅಡಿಯ ಮೂರ್ತಿಯಾಗಿ ನಿಂತವನನ್ನು ಈ ಸಣ್ಣ ಅಂಗಳದಲ್ಲಿ ಅವನನ್ನು ನಂಬಿದವರ ನಡೆಯಲ್ಲೇ ಕಾಣಿಸಬೇಕು.

ಎಲ್ಲರೂ ಹೋದಮೇಲೆ ಅತ್ತಿಯನ್ನು ಕೇಳಿದೆ, ಮೂರನೆಯ ದೃಶ್ಯದ ಮುದುಕಿಯಾಗಿ ನೀವೇ ಬರ್ರಿ ಎಂದು. ಸುಮ್ಮನೆ ಎಲೆ ಅಡಿಕೆ ಹಾಕಿಕೊಂಡರು. ಆಮೇಲೆ: ‘ಮಾರಿಗಿ ಏನೂ ಹಚ್ಚಂಗಿಲ್ಲ ನೋಡು. ನಿಂದರಲಾಕೂ ಆಗಂಗಿಲ್ಲ. ಕುಂತೇ ಮಾತಾಡ್ತಿನಿ.’

ಹಾಗಾದರೆ ಆ ದೃಶ್ಯದಲ್ಲಿ ಎಲ್ಲರೂ ಕೂತಿರಲಿ, ಜಂಗಮನೊಬ್ಬ ನಿಂತು ಹಾಡಲಿ. ಅವನು ನಿಲ್ಲುವ ಜಾಗ ಬಲಗಡೆ, ಬಾಗಿಲ ಹತ್ತಿರ. ತೆಲುಗು ಹಾಡು ಬಲ್ಲ ಹುಡುಗನನ್ನು ನಾಳೆ ಹುಡುಕಬೇಕು.