ಕತೆ ಯಾರದು?

ತುಮಕೂರಿನ ಮೂವರು ಹುಡುಗರು 2023ರ ನವೆಂಬರಿನ ಒಂದು ಶನಿವಾರ ಬೆಳಿಗ್ಗೆ ಬೆಂಗಳೂರಿನ ರೈಲು ಹತ್ತಿದಾಗ ಅವರ ಚೀಲದಲ್ಲಿ ಮೂರು ಡಬ್ಬಿ ಚಿತ್ರಾನ್ನ, ಎರಡು ಬಾಟಲಿ ನೀರು ಮತ್ತು 40 ಪುಸ್ತಕಗಳಿದ್ದವು. ಪುಸ್ತಕವೆಂದರೆ ಅಂಥ ಪುಸ್ತಕವೇನಲ್ಲ. ಜೆರಾಕ್ಸ್ ಅಂಗಡಿಯಲ್ಲಿ ಪ್ರತಿ ತೆಗೆಸಿ, ನಡುವೆ ಮಡಚಿ, ಪಿನ್ ಹೊಡೆದ 16 ಪುಟಗಳ ಕಾಮಿಕ್. ಹೆಸರು ‘ತೆಂಗಿನಮರದ ತಿಮ್ಮ’. ಊರಿಗೆ ತಕ್ಕ ನಾಯಕ. ಹಗಲು ಕಾಯಿ ಕೀಳುತ್ತಾನೆ, ರಾತ್ರಿ ಕಳ್ಳರನ್ನು ಹಿಡಿಯುತ್ತಾನೆ.

ಹೊರಟಿದ್ದು ವೈಟ್‌ಫೀಲ್ಡಿನಲ್ಲಿ ನಡೆಯುತ್ತಿದ್ದ ಕಾಮಿಕ್ ಕಾನ್‌ಗೆ. ಭಾನುವಾರ ಹೋಗಿದ್ದರೆ ಕಾಲೇಜಿಗೆ ರಜೆ ಹಾಕುವ ಪ್ರಮೇಯವೇ ಇರಲಿಲ್ಲ. ಆದರೆ ಭಾನುವಾರ ಅಹಮದಾಬಾದಿನಲ್ಲಿ ಭಾರತ ಮತ್ತು ಆಸ್ಟ್ರೇಲಿಯಾ ನಡುವೆ ವಿಶ್ವಕಪ್ ಫೈನಲ್. ಎರಡೂ ಬೇಕು ಎನ್ನುವ ವಯಸ್ಸು. ದ್ವಿತೀಯ ಪಿಯುಸಿ ಓದುವ ಮಕ್ಕಳು ಒಂದು ದಿನ ‘ಹಾಳು’ ಮಾಡುತ್ತೇವೆಂದಾಗ ಮೂರು ಮನೆಗಳಲ್ಲೂ ಏನೇನು ಮಾತು ನಡೆದಿರಬಹುದೆಂದು ತಂದೆತಾಯಿಯರಿಗೆ ವಿವರಿಸಬೇಕಿಲ್ಲ.

ಗೆಳೆಯರು ಅವರನ್ನು ಕರೆಯುವ ಹೆಸರುಗಳಿಂದಲೇ ಇಲ್ಲೂ ಕರೆಯೋಣ. ಚಿತ್ರ ಬರೆಯುವವನು ಪೆನ್ಸಿಲ್. ಕಟ್ಟುಕತೆ ಹೇಳುತ್ತ ಬಾಯಿ ಮುಚ್ಚದವನು ರೇಡಿಯೊ. ಮೂವರ ದುಡ್ಡನ್ನೂ ಇಟ್ಟುಕೊಂಡು ಐದು ರೂಪಾಯಿಗೂ ಲೆಕ್ಕ ಕೇಳುವವನು ಖಜಾಂಚಿ.

ತಿಮ್ಮನ ಕತೆ ರೇಡಿಯೊನದು. ಅವನ ತಂದೆ ಟೈಲರ್. ಮಗನ ಕತೆ ಪುಸ್ತಕವಾಗುತ್ತದೆಂದು ಕೇಳಿ, ಹೊಲಿಗೆ ಮೆಷಿನ್ನಿನ ಡ್ರಾಯರಿನಿಂದ ಐನೂರರ ನೋಟು ತೆಗೆದುಕೊಟ್ಟವರು ಅವರೇ. ಜೆರಾಕ್ಸಿನ ಖರ್ಚು ಹುಟ್ಟಿದ್ದು ಅಲ್ಲಿಂದ. ಅಳತೆ ಕೊಡಲು ಬಂದವರಿಗೆಲ್ಲ ಒಂದು ವಾರದಿಂದ ಆ ಸುದ್ದಿ ಹೇಳುತ್ತಿದ್ದರು.

ಪುಸ್ತಕ ಮಾಡುವುದರಲ್ಲೂ ಒಂದು ಗಣಿತವಿದೆ. ಹಾಳೆಯನ್ನು ನಡುವೆ ಮಡಚಿದರೆ ನಾಲ್ಕು ಪುಟ. ಹೀಗಾಗಿ ಪುಟಗಳ ಸಂಖ್ಯೆ ನಾಲ್ಕರಿಂದ ಭಾಗವಾಗಲೇಬೇಕು. ಇವರ ಕತೆ, ಮುಖಪುಟವೂ ಸೇರಿ, 15 ಪುಟಕ್ಕೆ ಮುಗಿದಿತ್ತು. ಒಂದು ಪುಟ ಖಾಲಿ. ಅಲ್ಲಿ ಏನು ಹಾಕುವುದೆಂದು ಮೂರು ದಿನ ಚರ್ಚೆಯಾಗಿ, ಕೊನೆಗೆ ಏನೂ ಹಾಕದೆ ಬಿಟ್ಟಿದ್ದರು. ಹಿಂದಿನ ರಾತ್ರಿ ಪ್ರತಿಗಳನ್ನು ತೆಗೆಸಿ ಪಿನ್ ಹೊಡೆದವರು ಪೆನ್ಸಿಲ್ ಮತ್ತು ಖಜಾಂಚಿ. ರೇಡಿಯೊ ಪುಸ್ತಕವನ್ನು ಮೊದಲು ಕೈಗೆತ್ತಿಕೊಂಡದ್ದು ರೈಲಿನಲ್ಲಿ, ಕ್ಯಾತ್ಸಂದ್ರ ದಾಟಿದ ಮೇಲೆ.

ಮುಖಪುಟ ಚೆನ್ನಾಗಿತ್ತು. ಮರ, ಚಂದ್ರ, ತಿಮ್ಮನ ನೆರಳು. ಕೆಳಗೆ ‘ರಚನೆ’ ಎಂದು ಬರೆದು ಪೆನ್ಸಿಲ್‌ನ ಪೂರ್ತಿ ಹೆಸರು, ಇನಿಷಿಯಲ್ ಸಮೇತ. ಬೇರೆ ಹೆಸರಿರಲಿಲ್ಲ. ರೇಡಿಯೊ ಕೊನೆಯ ಪುಟ ನೋಡಿದ, ಒಳಪುಟ ನೋಡಿದ, ಮತ್ತೆ ಮುಖಪುಟಕ್ಕೆ ಬಂದ. ಪುಸ್ತಕವನ್ನು ಚೀಲದೊಳಗಿಟ್ಟು ಕಿಟಕಿಯ ಕಡೆ ತಿರುಗಿದ. ಯಶವಂತಪುರದವರೆಗೆ ಅವನು ಒಂದು ಮಾತೂ ಆಡಲಿಲ್ಲ. ಹೊಟ್ಟೆನೋವಾ ಎಂದು ಖಜಾಂಚಿ ಕೇಳಿದ. ಪೆನ್ಸಿಲ್ ಕೇಳಲಿಲ್ಲ. ಅವನಿಗೆ ಗೊತ್ತಿತ್ತು.

ಮೆಜೆಸ್ಟಿಕ್ಕಿನಿಂದ ವೈಟ್‌ಫೀಲ್ಡಿಗೆ ಮೆಟ್ರೋ ಎಲ್ಲೂ ಕಡಿತವಿಲ್ಲದೆ ಓಡತೊಡಗಿದ್ದು ಆ ವರ್ಷದ ಅಕ್ಟೋಬರ್ 9ರಂದು. ಅದಿಲ್ಲದಿದ್ದರೆ ಬೆಳಗಿನ ಅರ್ಧ ಪಾಲು ಬಸ್ಸಿನಲ್ಲೇ ಕಳೆಯುತ್ತಿತ್ತು. ಬೋಗಿಯಲ್ಲಿ ನೀಲಿ ಕೂದಲಿನ ಹುಡುಗಿಯೊಬ್ಬಳು ಎದೆಗವಚ ತೊಟ್ಟು ನಿಂತಿದ್ದಳು. ಎದುರು ಕೂತಿದ್ದ ಅಜ್ಜಿ ಅವಳನ್ನು ಮೇಲಿಂದ ಕೆಳಗೆ ನೋಡಿ, “ನಾಟಕ ಎಲ್ಲಮ್ಮಾ?” ಎಂದು ಕೇಳಿದರು. ಆ ಹುಡುಗಿ ನಕ್ಕು “ವೈಟ್‌ಫೀಲ್ಡಲ್ಲಿ ಅಜ್ಜಿ” ಎಂದಳು. ಅಜ್ಜಿಯ ಪ್ರಶ್ನೆ ತಪ್ಪೇನಲ್ಲ. ಗುಬ್ಬಿ ಕಂಪನಿಯ ಜಿಲ್ಲೆಯಿಂದ ಬಂದ ಈ ಹುಡುಗರಿಗಾದರೂ ವೇಷ ಕಟ್ಟುವುದು ವಿಚಿತ್ರವಾಗಿ ಕಾಣಬೇಕಿಲ್ಲ.

ಇಂಥ ಸಮಾವೇಶಗಳ ಇತಿಹಾಸ ದೊಡ್ಡದು. ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ 1970ರ ಆಗಸ್ಟಿನಲ್ಲಿ ಒಂದು ಹೋಟೆಲಿನೊಳಗೆ ಸುಮಾರು 300 ಜನ ಸೇರಿ ಆರಂಭಿಸಿದ ಕೂಟಕ್ಕೆ ಮುಂದೆ ಲಕ್ಷಕ್ಕೂ ಮಿಕ್ಕಿ ಜನ ಬರುವಂತಾಯಿತು. ನಮ್ಮಲ್ಲಿ ಕಾಮಿಕ್ ಕಾನ್ ಇಂಡಿಯಾ ಶುರುವಾದದ್ದು 2011ರ ಫೆಬ್ರುವರಿಯಲ್ಲಿ, ದೆಹಲಿಯಲ್ಲಿ. ಆ ಮೊದಲ ಸಮಾವೇಶದ ಜೀವಮಾನ ಸಾಧನೆಯ ಗೌರವ ಸಂದದ್ದು ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅವರಿಗೆ. ಅಮರ ಚಿತ್ರ ಕಥೆಯನ್ನೂ ‘ಟಿಂಕಲ್’ ಪತ್ರಿಕೆಯನ್ನೂ ರೂಪಿಸಿದ ಇವರು ಓದಿದ್ದು ರಸಾಯನಶಾಸ್ತ್ರ, ಭೌತಶಾಸ್ತ್ರ. ಅದೇ ತಿಂಗಳ 24ರಂದು ಅವರು ತೀರಿಕೊಂಡರು. ಇಂಗ್ಲಿಷಿನ ಅಮರ ಚಿತ್ರ ಕಥೆ ‘ಕೃಷ್ಣ’ದಿಂದ, ಅದೂ 11ನೆಯ ಸಂಖ್ಯೆಯಿಂದ ಆರಂಭವಾಗುತ್ತದೆ. ಅದಕ್ಕೆ ಕಾರಣ ಆ ಮೊದಲಿನ ಹತ್ತು ಪುಸ್ತಕಗಳು ಕನ್ನಡದಲ್ಲಿ ಬಂದಿದ್ದವು. ಹೀಗಿದ್ದೂ ವೈಟ್‌ಫೀಲ್ಡಿನ ಆ ದೊಡ್ಡ ಸಭಾಂಗಣದಲ್ಲಿ ಹುಡುಗರ ಕಣ್ಣಿಗೆ ಬಿದ್ದದ್ದೆಲ್ಲ ಇಂಗ್ಲಿಷ್ ಅಕ್ಷರವೇ. ಅವರ ಚೀಲದೊಳಗಿನ 40 ಪ್ರತಿಗಳನ್ನು ಬಿಟ್ಟರೆ.

ಒಳಗೆ ಹೋದ ಮೇಲೆ ಮಾತಿಗೆ ಆಸ್ಪದವೇ ಇರಲಿಲ್ಲ. ಬಣ್ಣ, ಸದ್ದು, ನೂಕುನುಗ್ಗಲು. ಕಬ್ಬಿಣದ್ದೆಂದು ಕಂಡ ಕವಚ ಮುಟ್ಟಿದರೆ ಸ್ಪಂಜಿನಂಥ ಫೋಮು. ಬಿಸಿಗಾಳಿ ಹಾಯಿಸಿ ಬಗ್ಗಿಸಿ, ತಣ್ಣಗಾದ ಮೇಲೆ ಬಣ್ಣ ಹಚ್ಚಿದ್ದು. ಎದೆಯ ನಡುವೆ ಹೊಳೆಯುವ ದೀಪ ನಾಲ್ಕು ಎಲ್‌ಇಡಿ ಮತ್ತು ಒಂದು ಬ್ಯಾಟರಿ. ಪೆನ್ಸಿಲ್ ಎಲ್ಲದರ ಫೋಟೊ ತೆಗೆಯುತ್ತಿದ್ದ. ರೇಡಿಯೊ ಮಾತ್ರ ಬಟ್ಟೆಯ ಹೊಲಿಗೆ ನೋಡುತ್ತಿದ್ದ. ಟೈಲರ್ ಮಗ. ಕೆಂಪು ಮೇಲಂಗಿ ತೊಟ್ಟವನೊಬ್ಬನನ್ನು ನಿಲ್ಲಿಸಿ, “ಇದನ್ನ ಯಾರಣ್ಣ ಹೊಲಿದಿದ್ದು?” ಎಂದು ಕೇಳಿದ. ಬೆಳಿಗ್ಗೆಯಿಂದ ಅವನ ಬಾಯಿಂದ ಬಂದ ಮೊದಲ ಪೂರ್ಣ ವಾಕ್ಯ ಅದು.

ಈ ಪ್ರಶ್ನೆ ಹಳೆಯದು. 1939ರಲ್ಲಿ ನ್ಯೂಯಾರ್ಕಿನಲ್ಲಿ ನಡೆದ ಮೊದಲ ವಿಶ್ವ ವೈಜ್ಞಾನಿಕ ಕಥಾ ಸಮಾವೇಶಕ್ಕೆ ಫಾರೆಸ್ಟ್ ಅಕರ್ಮನ್ ಎಂಬ ಯುವಕ ಭವಿಷ್ಯಕಾಲದ ಮನುಷ್ಯನ ವೇಷದಲ್ಲಿ ಹೋದ. ಇಂದಿನ ವೇಷಧಾರಿಗಳ ಪರಂಪರೆಯನ್ನು ಅಲ್ಲಿಂದ ಎಣಿಸುವ ರೂಢಿಯಿದೆ. ಅವನ ಹೆಸರು ಬಹಳ ಕಾಲ ನಿಂತಿತು. ಆ ಉಡುಪನ್ನು ಹೊಲಿದವಳು ಮರ್ಟ್ಲ್ ಡಗ್ಲಾಸ್. ತನಗೂ ಒಂದು ಹೊಲಿದುಕೊಂಡು ಅವಳೂ ಅಂದು ಅವನ ಜೊತೆಯಲ್ಲೇ ಹೋಗಿದ್ದಳು.

ಮುಂದೆ ನಡೆದದ್ದು ಖಜಾಂಚಿಯ ಜಿಪುಣತನದಿಂದ. ಒಂದು ಮಳಿಗೆಯಲ್ಲಿ ಬ್ಯಾಟ್‌ಮನ್ ಪುಸ್ತಕ ಎತ್ತಿಕೊಂಡು ಬೆಲೆ ಎಲ್ಲಿದೆ ಎಂದು ಮೊದಲ ಪುಟದ ಸಣ್ಣಕ್ಷರಗಳಲ್ಲಿ ಹುಡುಕುತ್ತಿದ್ದ. “ಲೋ, ಇಲ್ಲಿ ನೋಡ್ರೋ. ಬ್ಯಾಟ್‌ಮನ್ ಸೃಷ್ಟಿಸಿದವರು ಬಾಬ್ ಕೇನ್, ಜೊತೆಗೆ ಬಿಲ್ ಫಿಂಗರ್ ಅಂತ ಹಾಕಿದ್ದಾರೆ. ಜೊತೆಗೆ ಅಂದ್ರೇನೋ? ಇಬ್ಬರೂ ಅಂತ ಬರೆಯೋಕೆ ಏನು ಕಷ್ಟ?”

ರೇಡಿಯೊ ಮೊಬೈಲು ತೆಗೆದು ಹುಡುಕಿದ. ಹುಡುಕಿದ್ದನ್ನು ಗಟ್ಟಿಯಾಗಿ ಓದಿದ. ಕೇನ್ ಚಿತ್ರಗಾರ, ಫಿಂಗರ್ ಕತೆಗಾರ. ಬ್ಯಾಟ್‌ಮನ್ ಮೊದಲು ಬಂದದ್ದು 1939ರ ಮೇ ತಿಂಗಳ ‘ಡಿಟೆಕ್ಟಿವ್ ಕಾಮಿಕ್ಸ್’ 27ನೆಯ ಸಂಚಿಕೆಯಲ್ಲಿ. ಕೇನ್ ಮೊದಲು ಕಲ್ಪಿಸಿದ ನಾಯಕನಿಗೆ ಕಣ್ಣಿಗಷ್ಟೇ ಸಣ್ಣ ಮುಖವಾಡ, ಬೆನ್ನಿಗೆ ಬಿಗಿಯಾದ ರೆಕ್ಕೆ ಇದ್ದವು. ತಲೆಯನ್ನೇ ಮುಚ್ಚುವ ಕಿವಿಯುಳ್ಳ ಮುಸುಕು ಇರಲಿ, ರೆಕ್ಕೆಯ ಬದಲು ಮೇಲಂಗಿ ಇರಲಿ ಎಂದವನು ಫಿಂಗರ್. ಮೊದಲ ಕತೆ ಬರೆದವನೂ ಅವನೇ. ಆದರೆ ಪ್ರಕಾಶಕರೊಡನೆ ಒಪ್ಪಂದ ಮಾಡಿಕೊಂಡವನು ಕೇನ್. ಹೆಸರು ಅವನದೊಂದೇ ಉಳಿಯಿತು. ಫಿಂಗರ್ 1974ರಲ್ಲಿ ತೀರಿಕೊಂಡ. ಮಾರ್ಕ್ ಟೈಲರ್ ನೋಬಲ್‌ಮನ್ ಎಂಬ ಲೇಖಕ ಹಳೆಯ ದಾಖಲೆಗಳನ್ನು ಕೆದಕಿ, ಫಿಂಗರನ ಮೊಮ್ಮಗಳು ಪಟ್ಟು ಹಿಡಿದ ಮೇಲೆ, 2015ರಲ್ಲಿ ಆ ‘ಜೊತೆಗೆ’ ಬಂತು. ಲೆಕ್ಕ ಹಾಕಿದರೆ 76 ವರ್ಷ.

ಪೆನ್ಸಿಲ್‌ಗೆ ಆ ಹೊತ್ತಿನಲ್ಲಿ ಎದುರಿನ ಗೋಡೆಯ ಒಂದು ಪೋಸ್ಟರಿನ ಮೇಲೆ ಭಾರೀ ಆಸಕ್ತಿ ಹುಟ್ಟಿತ್ತು.

ಎಲ್ಲ ಜೋಡಿಗಳ ಕತೆಯೂ ಹೀಗೆಯೇ ಅಲ್ಲ. ಸೂಪರ್‌ಮ್ಯಾನ್‌ನನ್ನು ಸೃಷ್ಟಿಸಿದ ಜೆರ್ರಿ ಸೀಗಲ್ ಮತ್ತು ಜೋ ಶುಸ್ಟರ್ ಕ್ಲೀವ್‌ಲ್ಯಾಂಡಿನ ಹೈಸ್ಕೂಲು ಗೆಳೆಯರು. ಒಬ್ಬ ಬರೆಯುತ್ತಿದ್ದ, ಇನ್ನೊಬ್ಬ ಚಿತ್ರಿಸುತ್ತಿದ್ದ. 1938ರಲ್ಲಿ 130 ಡಾಲರಿಗೆ ಎಲ್ಲ ಹಕ್ಕುಗಳನ್ನೂ ಮಾರಿಬಿಟ್ಟು ಮುಂದೆ ಜೀವನವಿಡೀ ಪರಿತಪಿಸಿದರು. ಆದರೆ ಮೋಸಹೋದದ್ದೂ ಜೊತೆಯಾಗಿ, ಹೋರಾಡಿದ್ದೂ ಜೊತೆಯಾಗಿ.

ಸಭಾಂಗಣದ ಒಂದು ಬದಿಯಲ್ಲಿ ಚಿತ್ರಗಾರರ ಸಾಲು. ತಮ್ಮದೇ ಪುಸ್ತಕ, ಸ್ಟಿಕ್ಕರು ಹರಡಿಕೊಂಡು ಕೂತವರು. ಹುಡುಗರು ಅಸಲಿಗೆ ಬಂದದ್ದು ಇದಕ್ಕೆ. ಮೊದಲಿಗೆ ನಾಚಿಕೆ. ಆಮೇಲೆ ಒಂದೊಂದೇ ಮೇಜಿಗೆ ಒಂದೊಂದೇ ಪ್ರತಿ. ಕೆಲವರು ಹಾಳೆ ತಿರುವಿ ‘ಸೂಪರ್’ ಎಂದರು. ಒಬ್ಬರು ಬದಲಿಗೆ ತಮ್ಮ ಪುಸ್ತಕವನ್ನೇ ಕೊಟ್ಟರು. ಹತ್ತು ಪ್ರತಿ ಹೀಗೆ ಹೋದವು. ಹನ್ನೊಂದನೆಯದನ್ನು ತೆಗೆದುಕೊಂಡಾಕೆ, ಮೂವತ್ತರ ಆಸುಪಾಸಿನ ಬೆಂಗಳೂರಿನ ಚಿತ್ರಗಾರ್ತಿ, ಕನ್ನಡಕ ಸರಿಮಾಡಿಕೊಂಡು ಮೊದಲಿಂದ ಓದತೊಡಗಿದರು. ಹಾಳೆ ತಿರುವುವುದಲ್ಲ, ಓದುವುದು. ಒಂಬತ್ತನೆಯ ಪುಟಕ್ಕೆ ಬಂದಾಗ ಜೋರಾಗಿ ನಕ್ಕರು.

ಆ ಪುಟದಲ್ಲಿ ತಿಮ್ಮ ಮರದಿಂದ ಬೀಳುತ್ತಾನೆ. ಸೊಂಟಕ್ಕೆ ನಾರಿನ ಹಗ್ಗವಿದೆ. ಹಗ್ಗ ಫಟ್ಟೆಂದು ಬಿಗಿದು ನಿಂತರೆ ಚಿತ್ರ ಚೆನ್ನಾಗಿರುತ್ತದೆ ಎಂದು ಪೆನ್ಸಿಲ್ ವಾದಿಸಿದ್ದ. ರೇಡಿಯೊ ಒಪ್ಪಿರಲಿಲ್ಲ. 20 ಮೀಟರ್ ಎತ್ತರದಿಂದ ಬಿದ್ದವನ ವೇಗ ಕೊನೆಗೆ ಸೆಕೆಂಡಿಗೆ ಸುಮಾರು 20 ಮೀಟರ್. ಅದು ಸೆಕೆಂಡಿನ ಹತ್ತನೆಯ ಒಂದು ಭಾಗದಲ್ಲಿ ನಿಂತರೆ ದೇಹದ ಮೇಲೆ ಬೀಳುವ ಬಲ ಅವನ ತೂಕದ ಇಪ್ಪತ್ತು ಪಟ್ಟಿಗೂ ಹೆಚ್ಚು. ಸ್ಪೈಡರ್‌ಮ್ಯಾನ್‌ನ ಗೆಳತಿ ಗ್ವೆನ್ ಸ್ಟೇಸಿ 1973ರ ಸಂಚಿಕೆಯಲ್ಲಿ ಸತ್ತದ್ದೇ ಹಾಗೆ. ಬಲೆ ಅವಳನ್ನು ಹಿಡಿಯಿತು, ಹಿಡಿದ ರಭಸವೇ ಕೊಂದಿತು. ತಿಮ್ಮ ಸಾಯಬಾರದು. ಆದ್ದರಿಂದ ಹಗ್ಗದ ತುದಿಯನ್ನು ಬಗ್ಗುವ ಎಳೆಯ ಮರಕ್ಕೆ ಕಟ್ಟಿ, ಅವನು ನಿಧಾನವಾಗಿ ನಿಲ್ಲುವಂತೆ ಮೂರು ಚೌಕಗಳು. ಮೂರರಲ್ಲೂ ತಿಮ್ಮ ತಲೆಕೆಳಗಾಗಿ ತೂಗಾಡುತ್ತ, ಎಳನೀರು ಕೇಳಲು ಬಂದ ಗಿರಾಕಿಯ ಹತ್ತಿರ ರೇಟು ಚೌಕಾಸಿ ಮಾಡುತ್ತಿರುತ್ತಾನೆ.

“ಈ ಮಾತುಗಳು ಬಹಳ ಚೆನ್ನಾಗಿವೆ” ಎಂದರು ಆಕೆ. “ಚಿತ್ರದ ಬಗ್ಗೆ ಒಂದು ಕೇಳ್ಲಾ? ಎಲ್ಲರೂ ಯಾಕೆ ಕೈ ಹಿಂದೆ ಕಟ್ಕೊಂಡಿದ್ದಾರೆ? ಇಲ್ಲಾಂದ್ರೆ ಜೇಬಲ್ಲಿ.”

ಪೆನ್ಸಿಲ್‌ನ ಕಿವಿ ಕೆಂಪಾಯಿತು. “ಕೈ ಬರೆಯೋಕೆ ಬರಲ್ಲ ಮೇಡಂ.”

“ನಂಗೂ ಬರ್ತಿರ್ಲಿಲ್ಲ. ದಿನಾ ನಿನ್ನ ಎಡಗೈಯನ್ನೇ ನೋಡಿಕೊಂಡು ಹತ್ತು ಸಲ ಬರಿ. ಒಂದು ವರ್ಷ ಬೇಕು.” ಮುಖಪುಟಕ್ಕೆ ತಿರುಗಿಸಿದರು. “ಕತೇನೂ ನಿಂದೇನಾ?”

ಅವರೇನೂ ಪರೀಕ್ಷೆ ಮಾಡಲು ಕೇಳಿದ್ದಲ್ಲ. ಸುಮ್ಮನೆ ಕೇಳಿದ್ದು. ಹೌದೆಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಖಜಾಂಚಿ ಚೀಲದ ಜಿಪ್ಪು ಎಳೆಯುತ್ತ ನಿಂತ. ಸ್ವಲ್ಪ ಹೊತ್ತು ಬಿಟ್ಟು ಪೆನ್ಸಿಲ್, “ಅಲ್ಲ ಮೇಡಂ. ಇವನದು. ಪೂರ್ತಿ ಇವನದೇ” ಎಂದ.

“ಮತ್ತೆ ಹೆಸರೆಲ್ಲಿ?”

“ನಾನು ಹಾಕಲಿಲ್ಲ.”

ಮರೆತೆ ಎನ್ನಲಿಲ್ಲ. ರೇಡಿಯೊ ಅದನ್ನು ಗಮನಿಸಿದ. ಆಕೆ ಮೇಜಿನ ಮೇಲಿದ್ದ ಪೆನ್ನು ತೆಗೆದು ಪೆನ್ಸಿಲ್‌ನ ಕೈಗೆ ಕೊಟ್ಟು ಪುಸ್ತಕವನ್ನು ಅವನ ಕಡೆ ಸರಿಸಿದರು.

ಸಂಜೆ ಮೆಟ್ರೋದಲ್ಲಿ ಕೂರಲು ಜಾಗ ಸಿಕ್ಕಲಿಲ್ಲ. ಮೆಜೆಸ್ಟಿಕ್ಕಿನ ರೈಲು ನಿಲ್ದಾಣದಲ್ಲಿ ಬೆಂಚು ಸಿಕ್ಕಿತು. ಉಳಿದ 29 ಪ್ರತಿಗಳನ್ನು ಹೊರತೆಗೆದು ಪೆನ್ಸಿಲ್ ಬರೆಯಲು ಕೂತ. ನಾಲ್ಕನೆಯದಕ್ಕೇ ರೇಡಿಯೊ ಪೆನ್ನು ಕಿತ್ತುಕೊಂಡ. “ನನ್ನ ಹೆಸರಿನ ಒತ್ತಕ್ಷರ ತಪ್ಪು ಬರೀತಿದ್ದೀಯಲ್ಲೋ, ಕೊಡಿಲ್ಲಿ.” ಅಲ್ಲಿಂದ ಅವನ ಬಾಯಿ ಮತ್ತೆ ಶುರುವಾಯಿತು. ಖಾಲಿ ಉಳಿದಿದ್ದ ಪುಟದಲ್ಲಿ ‘ಪಿನ್ ಹೊಡೆದವರು’ ಎಂದು ತನ್ನ ಹೆಸರೂ ಬರಬೇಕೆಂದು ಖಜಾಂಚಿ ಹಟ ಹಿಡಿದು, 29ರಲ್ಲೂ ಬರೆಸಿಕೊಂಡ. ಮೊದಲು ಹೋದ ಹತ್ತು ಪ್ರತಿಗಳ ಮಾತು ಯಾರೂ ಎತ್ತಲಿಲ್ಲ. ಅವು ಇಂದಿಗೂ ಎಲ್ಲೋ ಒಂದೇ ಹೆಸರಿನಲ್ಲಿವೆ.

ರಾತ್ರಿ ತುಮಕೂರು ನಿಲ್ದಾಣದ ಹೊರಗೆ ರೇಡಿಯೊನ ತಂದೆ ಸ್ಕೂಟರ್ ಒರಗಿಸಿ ನಿಂತಿದ್ದರು. ಊಟವಾಯಿತೇ ಎಂದೂ ಕೇಳದೆ ಕೈ ಚಾಚಿದರು. ದೀಪದ ಕಂಬದ ಕೆಳಗೆ ಹೋಗಿ ಮುಖಪುಟವನ್ನು ಕಣ್ಣಿನ ಹತ್ತಿರ ಹಿಡಿದರು.

“ಇವನ ಹೆಸರು ಪೆನ್ನಲ್ಲಿ ಬರೆದಿದೆಯಲ್ಲಪ್ಪ?”

“ಜೆರಾಕ್ಸ್ ಮಾಡಿಸುವಾಗ ಇರಲಿಲ್ಲ ಅಂಕಲ್” ಎಂದ ಪೆನ್ಸಿಲ್. “ನನ್ನ ತಪ್ಪು.”

ಅವರು ಅವನ ಮುಖವನ್ನೊಮ್ಮೆ, ಮಗನ ಮುಖವನ್ನೊಮ್ಮೆ ನೋಡಿದರು. ಏನೂ ಹೇಳಲಿಲ್ಲ. ಒಂದೊಂದೇ ಹಾಳೆ ತಿರುವುತ್ತ ಹೋಗಿ, ಒಂದು ಕಡೆ ನಿಲ್ಲಿಸಿ ಬೆರಳಿಟ್ಟರು.

“ಅಂಗಿ ತೋಳು ಸರಿಯಾಗಿ ಕೂತಿದೆ. ಆದರೆ ಕೈಗಳೆಲ್ಲಿ ಹೋದವಪ್ಪ?”